ಕಾರಿನ ಕುಲವನ್ನು ಕೇಳಬೇಕೆ?

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಯಲ್ಲಿ ಒಂದು ಪ್ರಶ್ನೆ ಎದ್ದಿತು. ನನ್ನ ಅಪ್ಪಯ್ಯ ವಂಡ್ಸೆ ಪೇಟೆಯಲ್ಲಿ ಬಾಡಿಗೆ ಕಾರು ಓಡಿಸುವವರು. ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ದಾರಿ ನಮ್ಮೂರಿನ ಮೇಲೆಯೇ ಹಾದುಹೋಗುವುದರಿಂದ, ಮೂಕಾಂಬಿಕೆಯ ದರ್ಶನಕ್ಕೆ ಬರುವ ಯಾತ್ರಿಕರು, ಕುಂದಾಪುರದ ಆಸ್ಪತ್ರೆಗೆ ಹೊರಟ ರೋಗಿಗಳು, ಮದುವೆಯ ದಿಬ್ಬಣದವರು ಅವರ ಗಿರಾಕಿಗಳು. ಈಗಿರುವ ಕಾರು ಹದಿನಾಲ್ಕು ವರ್ಷ ದುಡಿದು ಸೋತಿದೆ. ಸಹಕಾರಿ ಸಂಘದಲ್ಲಿ ಸಾಲ ಮಾಡಿ ಹೊಸದೊಂದನ್ನು ಕೊಳ್ಳದೆ ಗತಿಯಿಲ್ಲ. ಯಾವುದನ್ನು ಕೊಳ್ಳುವುದು?

ಕಾರು ನಿಲ್ಲಿಸುವ ಕಟ್ಟೆಯಲ್ಲಿ ಎರಡು ಪಕ್ಷಗಳಾದವು. ನಮ್ಮ ದೇಶದ ಕಂಪೆನಿಯದ್ದನ್ನೇ ಕೊಳ್ಳಬೇಕು, ಹೊರಗಿನವರಿಗೆ ಹಣ ಸುರಿಯಬಾರದು ಎಂದು ಒಂದು ಪಕ್ಷ. ಜಪಾನಿನವರ ಎಂಜಿನ್ನು ಕೈಕೊಡುವುದಿಲ್ಲ, ದೇಶಪ್ರೇಮದಿಂದ ಘಾಟಿ ಹತ್ತಲಾಗುವುದಿಲ್ಲ ಎಂದು ಇನ್ನೊಂದು ಪಕ್ಷ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ತೀರ್ಪು ಹೇಳುವ ಭಾರ ನನ್ನ ಮೇಲೆ ಬಿತ್ತು. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಪ್ರಥಮ ವರ್ಷದ ಚರ್ಚಾಕೂಟದಲ್ಲಿ ಸ್ವದೇಶಿಯ ಪರವಾಗಿ ಆವೇಶದಿಂದ ಮಾತನಾಡಿ ಒಂದು ಸ್ಟೀಲಿನ ಲೋಟವನ್ನು ಗೆದ್ದವನು ನಾನು. ಆ ಲೋಟದಲ್ಲಿಯೇ ಅಪ್ಪಯ್ಯ ದಿನವೂ ಚಹ ಕುಡಿಯುತ್ತಾರೆ. ವೇದಿಕೆಯ ಮೇಲೆ ನನ್ನ ಕಿಸೆಯಿಂದ ಏನೂ ಖರ್ಚಾಗುತ್ತಿರಲಿಲ್ಲ. ಈಗ ಏಳು ವರ್ಷದ ಕಂತು ಕಣ್ಣ ಮುಂದಿತ್ತು. ಹಾಗಾಗಿ ತುಸು ಓದಿಯೇ ಉತ್ತರ ಹೇಳೋಣವೆಂದು ಗ್ರಂಥಾಲಯವನ್ನು ಹೊಕ್ಕೆ.

ಓದುತ್ತ ಹೋದಂತೆ ಕಾರಿನ ಕುಲವನ್ನು ಪತ್ತೆಹಚ್ಚುವುದೇ ಕಷ್ಟವೆಂದು ತಿಳಿಯಿತು. ನಮ್ಮ ಹಿರಿಯರೆಲ್ಲರೂ ಅಚ್ಚ ಭಾರತೀಯವೆಂದು ನಂಬಿದ ಅಂಬಾಸಿಡರನ್ನೇ ನೋಡಿ. ಅದರ ಮೈ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನದು. 1990ರ ದಶಕದಲ್ಲಿ ಅದಕ್ಕೆ ಜಪಾನಿನ ಇಸುಜು ಎಂಜಿನ್ನು ಬಂತು. ಹೆಸರು ಮಾತ್ರ ಹಿಂದುಸ್ಥಾನದ್ದು. ಬೊಂಬಾಯಿಯ ಟ್ಯಾಕ್ಸಿಯೆಂದೇ ಪ್ರಸಿದ್ಧವಾದ ಪದ್ಮಿನಿ ಇಟಲಿಯ ಫಿಯೆಟ್ಟಿನ ಮಗಳು. ಮಾರುತಿಯು 1983ರ ಡಿಸೆಂಬರಿನಲ್ಲಿ ಮೊದಲ ಕಾರನ್ನು ಹೊರತಂದಾಗ ಅದರಲ್ಲಿ ಭಾರತ ಸರಕಾರದ ಪಾಲು 74 ಶೇಕಡಾ, ಸುಜುಕಿಯದು 26. ಸರಕಾರ 2007ರಲ್ಲಿ ಪೂರ್ತಿ ಹೊರಬಂದಿತು. ಈಗ ಅದರ ಒಡೆತನ ಜಪಾನಿನವರದು, ಆದರೂ ನಮ್ಮ ಕಟ್ಟೆಯ ಸ್ವದೇಶಿ ಪಕ್ಷದವರಲ್ಲಿ ಇಬ್ಬರು ಅದನ್ನೇ ಓಡಿಸುತ್ತಾರೆ. ಅತ್ತ ಇಂಗ್ಲೆಂಡಿನ ಹೆಮ್ಮೆಯ ಜಾಗ್ವಾರ್ ಮತ್ತು ಲ್ಯಾಂಡ್ ರೋವರನ್ನು 2008ರಲ್ಲಿ ಕೊಂಡವರು ನಮ್ಮ ಟಾಟಾದವರು. ಎಂ.ಜಿ. ಎಂಬುದು ಇಂಗ್ಲಿಷರ ಹೆಸರು. ಅದರ ಒಡೆತನ ಚೀನಾದ ಕಂಪೆನಿಯ ಕೈಗೆ ಹೋಯಿತು. ಭಾರತದಲ್ಲಿ ಆ ಕಾರುಗಳನ್ನು ತಯಾರಿಸುವುದು ಗುಜರಾತಿನ ಹಾಲೋಲಿನಲ್ಲಿ.

ನಮ್ಮ ಬಿಡದಿಯ ಕಥೆ ಇದಕ್ಕಿಂತಲೂ ಸ್ವಾರಸ್ಯವಾದುದು. ಅಲ್ಲಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2022ರಿಂದ ಟೊಯೊಟಾದ ಹೈರೈಡರ್ ಕಾರಿನ ಜೊತೆಯಲ್ಲಿಯೇ ಮಾರುತಿಯ ಗ್ರ್ಯಾಂಡ್ ವಿಟಾರ ಕೂಡ ತಯಾರಾಗತೊಡಗಿತು. ಇನ್ನೊಂದೆಡೆ ಮಾರುತಿಯ ಎರ್ಟಿಗಾ ಕಾರೇ ಟೊಯೊಟಾದ ಮುದ್ರೆ ಹೊತ್ತು ರುಮಿಯನ್ ಎನಿಸಿಕೊಳ್ಳುತ್ತದೆ. ಇದನ್ನು ಕಟ್ಟೆಯಲ್ಲಿ ಹೇಳಿದಾಗ ಎರಡೂ ಪಕ್ಷದವರು ಸ್ವಲ್ಪ ಹೊತ್ತು ಸುಮ್ಮನಾದರು.

ಹಾಗಾದರೆ ಸ್ವದೇಶಿಯೆಂಬ ಮಾತಿಗೆ ಬೆಲೆಯೇ ಇಲ್ಲವೆ? ಇದೆ, ಅದನ್ನು ಅಲ್ಲಗಳೆಯುವಷ್ಟು ಧೈರ್ಯ ನನಗಿಲ್ಲ. ಎಪ್ಪತ್ತು ದಾಟಿದ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೂರೋಪು, ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಕಂಡುಬಂದು, ಅಂಥದೊಂದನ್ನು ಇಲ್ಲಿ ಸ್ಥಾಪಿಸಲು ಪ್ರಯತ್ನಿಸಿದರು. ಬ್ರಿಟಿಷ್ ಸರಕಾರದ ಬೆಂಬಲ ದೊರೆಯಲಿಲ್ಲ. ಅದೇ ಕನಸನ್ನು ಹೊತ್ತ ವಾಲಚಂದ್ ಹೀರಾಚಂದರು 1940ರಲ್ಲಿ ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ತೆರೆದರು. ಕಾರಿನ ಕಂಪೆನಿ ಬೊಂಬಾಯಿಯಲ್ಲಿ 1944ರಲ್ಲಿ ಆಯಿತು. ಸ್ವಾತಂತ್ರ್ಯ ಬಂದ ಮೇಲೆ, 1953ರ ಸುಂಕ ಆಯೋಗದ ವರದಿಯ ತರುವಾಯ, ಇಲ್ಲಿಯೇ ತಯಾರಿಸುವ ಯೋಜನೆಯಿದ್ದವರು ಮಾತ್ರ ಉಳಿಯಬಹುದೆಂದಾಯಿತು. ಹೊರಗಿನಿಂದ ಬಿಡಿಭಾಗ ತಂದು ಜೋಡಿಸಿ ಮಾರುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಕಂಪೆನಿಗಳು ಹಿಂದೆಗೆದವು. ಆ ಹಟವಿಲ್ಲದಿದ್ದರೆ ಗಿಯರನ್ನು ಕೊರೆಯುವ, ಸ್ಪ್ರಿಂಗಿನ ಪಟ್ಟಿಯನ್ನು ಬಡಿಯುವ ಕೈಗಳು ಈ ದೇಶದಲ್ಲಿ ಅಷ್ಟು ಬೇಗ ತಯಾರಾಗುತ್ತಿರಲಿಲ್ಲ. ನಮ್ಮ ಮಂಗಳೂರಿನ ಕೆನರಾ ವರ್ಕ್‌ಶಾಪ್ಸ್ ಮೋಟಾರು ವಾಹನಗಳ ಸ್ಪ್ರಿಂಗಿಗೆ ಹೆಸರಾದುದೂ ಇಂಥ ಉದ್ಯಮದ ಬಲದಿಂದಲೇ.

ಆದರೆ ಆ ಹಟದ ವೆಚ್ಚವನ್ನು ಕೊಟ್ಟವರಾರು? ಕಾರು ಕೊಳ್ಳುವವನು. ಹಣ ಕಟ್ಟಿ ವರ್ಷಗಟ್ಟಲೆ ಸರದಿಯಲ್ಲಿ ಕಾಯುವುದು, ಕಡೆಗೆ ಬಂದುದನ್ನು ಬಾಯಿ ಮುಚ್ಚಿ ಸ್ವೀಕರಿಸುವುದು. ಸ್ಪರ್ಧೆ ಇಲ್ಲದ ಆ ದಶಕಗಳಲ್ಲಿ ಅಂಬಾಸಿಡರಿನ ಮೂತಿ ಬದಲಾಯಿತೇ ಹೊರತು ಮೂಲ ಬದಲಾಗಲಿಲ್ಲ. ಕೊನೆಗೆ 2014ರಲ್ಲಿ ಅದರ ತಯಾರಿಕೆಯೇ ನಿಂತುಹೋಗಿ, 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪ್ಯೂಜೋ ಕಂಪೆನಿಯವರಿಗೆ 80 ಕೋಟಿ ರೂಪಾಯಿಗೆ ಮಾರಲಾಯಿತು. ಅಷ್ಟು ವರ್ಷ ಸ್ವದೇಶಿಯೆಂದು ಕಾದು ಕೊಂಡವರ ತ್ಯಾಗ ಎಲ್ಲಿಗೆ ಹೋಯಿತೆಂದು ಯಾರನ್ನು ಕೇಳೋಣ?

ಖಾದಿಯ ಕಾಲದ ಸ್ವದೇಶಿಯನ್ನು ಇದಕ್ಕೆ ಹೋಲಿಸಿ ನನ್ನನ್ನು ಬಯ್ಯುವ ಮಿತ್ರರಿದ್ದಾರೆ. ಒಂದು ಗಜ ಖಾದಿ ಕೊಂಡವನಿಗೆ ತನ್ನ ದುಡ್ಡು ನೂತವಳಿಗೂ ನೇಯ್ದವನಿಗೂ ಸೇರುತ್ತದೆಂಬುದು ಸ್ಪಷ್ಟವಾಗಿತ್ತು. ಕಾರಿಗೆ ಕೊಟ್ಟ ದುಡ್ಡು ಹಾಗೆ ನೇರವಾಗಿ ಹರಿಯುವುದಿಲ್ಲ. ಭಾರತೀಯ ಹೆಸರಿನ ಕಾರಿನೊಳಗೆ ಹೊರದೇಶದ ಬಿಡಿಭಾಗಗಳಿರುತ್ತವೆ. ವಿದೇಶಿ ಹೆಸರಿನ ಕಾರನ್ನು ಬಿಡದಿಯಲ್ಲಿಯೋ ಶ್ರೀಪೆರುಂಬುದೂರಿನಲ್ಲಿಯೋ ನಮ್ಮಂಥವರ ಮಕ್ಕಳೇ ಜೋಡಿಸಿರುತ್ತಾರೆ. ಲಾಭ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ನ್ಯಾಯವಾದುದೇ. ಅದಕ್ಕಿಂತ ದೊಡ್ಡದು, ವಿದ್ಯೆ ಯಾರ ಬಳಿ ಉಳಿಯುತ್ತದೆ ಎಂಬುದು. ಬೆಂಗಳೂರಿನಲ್ಲಿ ಹುಟ್ಟಿದ ರೇವಾ ಎಂಬ ವಿದ್ಯುತ್ ಕಾರು 2001ರಷ್ಟು ಹಿಂದೆಯೇ ರಸ್ತೆಗಿಳಿದು, ಲಂಡನ್ನಿನಲ್ಲಿಯೂ ಜಿ-ವಿಜ್ ಎಂಬ ಹೆಸರಿನಿಂದ ಓಡಿತು. ನಮ್ಮಲ್ಲಿ ಅದನ್ನು ಕೊಂಡವರು ಕೆಲವರೇ. ಜಗತ್ತೆಲ್ಲ ವಿದ್ಯುತ್ ಕಾರಿನ ಹಿಂದೆ ಬೀಳುವ ಎಷ್ಟೋ ಮೊದಲು ನಮ್ಮವರ ಕೈಯಲ್ಲಿದ್ದ ವಿದ್ಯೆ ಅದು. ಇಂಥದಕ್ಕೆ ಕಾದಿದ್ದು ಪೋಷಿಸುವುದು ಸರಕಾರದ, ದೊಡ್ಡ ಬಂಡವಾಳದವರ, ಕೈಯಲ್ಲಿ ಹಣವಿದ್ದು ಎರಡನೆಯ ಕಾರನ್ನು ಕೊಳ್ಳುವವರ ಕರ್ತವ್ಯ. ಒಂದೇ ಕಾರಿನ ಮೇಲೆ ಮನೆಮಂದಿಯ ಊಟ ನಿಂತಿರುವವನನ್ನು ಆ ಕರ್ತವ್ಯಕ್ಕೆ ಎಳೆಯುವುದು ನನಗೆ ಸರಿಕಾಣುವುದಿಲ್ಲ.

ವಿದೇಶಿ ಮೋಹವೂ ಇಷ್ಟೇ ಪೊಳ್ಳು. ಕೊಲ್ಲಿಯಿಂದ ರಜೆಗೆ ಬಂದವರ ಅಂಗಳದಲ್ಲಿ ನಿಂತ ಕಾರಿನ ಮುದ್ರೆಯನ್ನು ನೋಡಿ ಹೆಣ್ಣು ಕೊಡುವ ಮಾತಾಡುವವರನ್ನು ನಾನು ಬಲ್ಲೆ. ಕಾರು ಜರ್ಮನಿಯದೆಂದ ಮಾತ್ರಕ್ಕೆ ನಮ್ಮೂರಿನ ಆಟಿಯ ಮಳೆ ಅದಕ್ಕೆ ರಿಯಾಯಿತಿ ತೋರಿಸುವುದಿಲ್ಲ. ಜೊತೆಗೆ ಪರದೇಶದ ಕಂಪೆನಿ ಇಲ್ಲಿ ಲಾಭ ಕಾಣದಿದ್ದರೆ ಹೊರಟೇ ಹೋಗಬಹುದು: ಜನರಲ್ ಮೋಟಾರ್ಸ್ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಹಾಗೆಂದು ಸ್ವದೇಶಿ ಕಂಪೆನಿ ಬಾಗಿಲು ಹಾಕುವುದಿಲ್ಲವೆಂದು ಅಂಬಾಸಿಡರನ್ನು ಕಂಡ ಮೇಲೆ ಯಾರು ಹೇಳಬಲ್ಲರು?

ಚೀನಾದ ವಿಷಯ ಬಂದಾಗ ಮಾತ್ರ ನನ್ನ ತರ್ಕ ತುಸು ತಡವರಿಸುತ್ತದೆ. ಗಾಲ್ವಾನಿನಲ್ಲಿ 2020ರ ಜೂನಿನಲ್ಲಿ ನಮ್ಮ 20 ಮಂದಿ ಯೋಧರು ಮಡಿದಾಗ, ಆ ದೇಶದ ಸಾಮಾನನ್ನು ಮುಟ್ಟಬಾರದೆಂದು ಎಲ್ಲೆಡೆ ಕೂಗೆದ್ದಿತು. ಕೂಗಿದವರಲ್ಲಿ ಹಲವರ ಕೈಯಲ್ಲಿದ್ದ ಫೋನು ಚೀನಾದ್ದೇ ಎಂದು ನಗುವುದು ಸುಲಭ. ನಾನು ನಗಲಾರೆ, ಮನಸ್ಸು ಒಪ್ಪದೆ ಕೊಳ್ಳದಿರುವವನನ್ನು ಗೌರವಿಸುತ್ತೇನೆ. ಆದರೆ ಅಂಥ ಸಾಮಾನಿನಿಂದ ದೇಶಕ್ಕೆ ಅಪಾಯವಿದ್ದರೆ ಸರಕಾರ ಅದನ್ನು ಬಂದರಿನಲ್ಲಿಯೇ ತಡೆಯಲಿ. ಒಳಗೆ ಬಿಟ್ಟು, ತೆರಿಗೆಯನ್ನೂ ವಸೂಲು ಮಾಡಿ, ಅನಂತರ ಕೊಂಡವನ ದೇಶಭಕ್ತಿಯನ್ನು ಅಳೆಯುವುದು ಯಾವ ನ್ಯಾಯ?

ಇಷ್ಟನ್ನೂ ಒಂದು ರಾತ್ರಿ ಅಪ್ಪಯ್ಯನ ಮುಂದೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿ, "ಅದೆಲ್ಲ ಸಮ ಮಗಾ. ಹಾಳಾರೆ ಸಮ ಮಾಡುಕೆ ಕುಂದಾಪ್ರದಗೆ ಜನ ಇದ್ರಾ? ಸಾಮಾನ್ ಎಷ್ಟ್ ದಿನಕ್ಕೆ ಬತ್ತ್? ಅದನ್ ಹೇಳ್" ಎಂದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹಿಂದೊಮ್ಮೆ ಒಂದು ಸಣ್ಣ ಬಿಡಿಭಾಗ ಬರಲು ಮೂರು ವಾರ ಹಿಡಿದು, ಕೊಲ್ಲೂರಿನಲ್ಲಿ ಜನ ತುಂಬಿತುಳುಕುವ ನವರಾತ್ರಿಯಲ್ಲಿ ನಮ್ಮ ಕಾರು ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಕಂಪೆನಿಯ ಹೆಸರಾಗಲಿ ದೇಶವಾಗಲಿ ಇಲ್ಲಿ ಬೇಡ. ಆ ತಿಂಗಳು ನನ್ನ ಪರೀಕ್ಷೆಯ ಶುಲ್ಕವನ್ನು ಅಮ್ಮ ಸ್ವಸಹಾಯ ಸಂಘದಿಂದ ಎತ್ತಿ ಕಟ್ಟಿದಳು.

ಮರುದಿನ ನಾವಿಬ್ಬರೂ ಕುಂದಾಪುರದ ಮೆಕ್ಯಾನಿಕರ ಬಳಿಗೆ ಹೋದೆವು. ಅವರು ದೇಶದ ಸುದ್ದಿಯನ್ನೇ ಎತ್ತಲಿಲ್ಲ. ಯಾವ ಕಾರಿನ ಕ್ಲಚ್ಚು ಎಷ್ಟು ಸಾವಿರ ಕಿಲೋಮೀಟರಿಗೆ ಹೋಗುತ್ತದೆ, ಯಾವುದರ ಸಾಮಾನು ಉಡುಪಿಯಲ್ಲೇ ಸಿಗುತ್ತದೆ, ಯಾವುದಕ್ಕೆ ಮಂಗಳೂರಿಗೆ ಹೋಗಬೇಕು, ಐದು ವರ್ಷ ಓಡಿಸಿ ಮಾರಿದರೆ ಎಷ್ಟು ಬಂದೀತು ಎಂಬುದನ್ನೆಲ್ಲ ಹೇಳಿದರು. ಪಟ್ಟಿಯಲ್ಲಿ ಕೊನೆಗೆ ಎರಡು ಕಾರುಗಳು ಉಳಿದಿವೆ. ಒಂದು ಭಾರತದವರ ಕಂಪೆನಿಯದು, ಇನ್ನೊಂದು ಜಪಾನಿನವರದು. ಅಪ್ಪಯ್ಯ ಇನ್ನೂ ಮುಂಗಡ ಕೊಟ್ಟಿಲ್ಲ. ಮಳೆಗಾಲ ಕಳೆಯಲಿ ಎನ್ನುತ್ತಿದ್ದಾರೆ. ಕಟ್ಟೆಯಲ್ಲಿ ಎರಡು ಪಕ್ಷದವರೂ ಅವರಿಗೆ ದಿನಾ ಚಹ ಕುಡಿಸುತ್ತಿದ್ದಾರೆ.