ಹೆಜ್ಜೆಯ ಋಣ

ಟ್ಯಾಪ್ ನೃತ್ಯವೆಂದೊಡನೆ ನಮ್ಮಲ್ಲಿ ಬಹುಮಂದಿಯ ನೆನಪಿಗೆ ಬರುವುದು ಹಳೆಯ ಹಾಲಿವುಡ್ ಚಿತ್ರಗಳ ಫ್ರೆಡ್ ಅಸ್ಟೇರ್ ಅಥವಾ ಜೀನ್ ಕೆಲ್ಲಿ. ಅವರಿಬ್ಬರೂ ಮಹಾಕಲಾವಿದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಚಲನಚಿತ್ರವು ಈ ಕಲೆಗೆ ಮಾಡಿದ ಮಹೋಪಕಾರದ ಬೆನ್ನಿಗೇ ಒಂದು ಅಪಕಾರವೂ ಸಂಭವಿಸಿತು: ಕಿವಿಗೊಟ್ಟು ಗ್ರಹಿಸಬೇಕಾದ ವಿದ್ಯೆಯು ಕಣ್ಣಿನ ವಿನೋದವಾಯಿತು, ಬೆಳ್ಳಿತೆರೆಯ ಮೇಲೆ ಕಾಣಿಸಿಕೊಂಡವರೇ ಅದರ ಚರಿತ್ರೆಯ ನಾಯಕರಾಗಿ ಉಳಿದರು. ತೆರೆಯೂ ರಂಗಭೂಮಿಯೂ ಒಟ್ಟಿಗೆ ಕೈಬಿಟ್ಟ ಮೇಲೆ, ಸುಮಾರು ಎರಡು ದಶಕಗಳ ಬರಗಾಲದಲ್ಲಿ ಈ ಕಲೆಯ ಜೀವವನ್ನು ಹಿಡಿದಿಟ್ಟುಕೊಂಡು, ಕೇಳಿಕೊಂಡು ಬಂದ ಕೆಲವೇ ಶಿಷ್ಯರಿಗೆ ಅದನ್ನು ಒಪ್ಪಿಸಿದ ನರ್ತಕರ ಹೆಸರುಗಳು ನಮಗೆ ಅಪರಿಚಿತ. ಬೋಧನೆಯನ್ನು ಕಲಾವಿದನ ನಿವೃತ್ತಿಯ ಉಪಜೀವನವೆಂದು ಎಣಿಸುವ ನಮ್ಮ ರೂಢಿಯೇ ತಪ್ಪೆಂದೂ, ಟ್ಯಾಪ್‌ನ ವಿಷಯದಲ್ಲಂತೂ ಅದು ಕೃತಘ್ನತೆಯೆಂದೂ ನಾನು ನಂಬಿದ್ದೇನೆ.

ಈ ವಿದ್ಯೆಯ ಉಪಕರಣ ಅತ್ಯಲ್ಪ. ಪಾದರಕ್ಷೆಯ ತುದಿಗೊಂದು, ಹಿಮ್ಮಡಿಗೊಂದು ಲೋಹದ ಫಲಕ. ಅವನ್ನು ಹಿಡಿದಿರುವ ತಿರುಪುಗಳನ್ನು ತುಸು ಸಡಿಲಿಸಿದರೆ ನಾದವೊಂದು ಬಗೆ, ಬಿಗಿಗೊಳಿಸಿದರೆ ಇನ್ನೊಂದು ಬಗೆ. ಕೆಳಗೆ ಮರದ ಹಲಗೆಯ ನೆಲವಿದ್ದರೆ ಸಾಕು, ಮನುಷ್ಯನು ಏಕಕಾಲದಲ್ಲಿ ನರ್ತಕನೂ ತಾಳವಾದ್ಯಗಾರನೂ ಆಗುತ್ತಾನೆ. ಎಂಟು ಆವರ್ತಗಳ ಖಂಡವೊಂದರಲ್ಲಿ ಆರು ಆವರ್ತ ಒಂದೇ ಹೆಜ್ಜೆಯ ವಿನ್ಯಾಸವನ್ನು ಮರಳಿ ಮರಳಿ ನುಡಿಸಿ, ಉಳಿದೆರಡರಲ್ಲಿ ಅದನ್ನು ಥಟ್ಟನೆ ಮುರಿದು, ಖಂಡದ ಅಂತ್ಯಕ್ಕೆ ಸರಿಯಾಗಿ ಬಂದು ಸೇರುವುದು ಇದರ ಬಾಲಪಾಠ. ನಮ್ಮ ಮೃದಂಗ ವಿದ್ವಾಂಸರು ಮುಕ್ತಾಯವನ್ನು ಹೆಣೆದು ಸಮಕ್ಕೆ ತಂದು ನಿಲ್ಲಿಸುವಾಗ ಸಭಿಕರಿಗೆ ಆಗುವ ಆನಂದವನ್ನು ಬಲ್ಲ ಕನ್ನಡಿಗನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇದರ ಹುಟ್ಟು ದುಃಖದಲ್ಲಿ. 1739ರಲ್ಲಿ ದಕ್ಷಿಣ ಕ್ಯಾರೊಲಿನಾದ ಸ್ಟೋನೋ ನದಿಯ ಬಳಿ ಗುಲಾಮರು ದಂಗೆಯೆದ್ದರು. ಮರುವರ್ಷವೇ ಬಂದ ಶಾಸನವು ಅವರ ನಗಾರಿಗಳನ್ನು ನಿಷೇಧಿಸಿತು. ಚರ್ಮವಾದ್ಯವನ್ನು ಕಳೆದುಕೊಂಡ ಜನಕ್ಕೆ ಅಂಗೈಗಳೂ ಅಂಗಾಲುಗಳೂ ವಾದ್ಯಗಳಾದವು. ಆಫ್ರಿಕದ ಈ ಲಯಪರಂಪರೆಯು ಐರ್ಲೆಂಡಿನ ಜಿಗ್, ಇಂಗ್ಲೆಂಡಿನ ಮರದಟ್ಟೆಯ ಕ್ಲಾಗ್ ಮೊದಲಾದ ನೃತ್ಯಗಳೊಡನೆ ಶತಮಾನದ ಕಾಲ ಬೆರೆತು, 1840ರ ದಶಕದಲ್ಲಿ ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಎಂಬ ಬಡವರ ಕೇರಿಯಲ್ಲಿ ವಿಲಿಯಂ ಹೆನ್ರಿ ಲೇನ್ ಎಂಬ ಕಪ್ಪುವರ್ಣದ ತರುಣನ ಪಾದಗಳಲ್ಲಿ ಸ್ಪಷ್ಟರೂಪವನ್ನು ತಾಳಿತು. ‘ಜೂಬಾ’ ಎಂಬ ಹೆಸರಿನಿಂದ ಲಂಡನ್ನಿನವರೆಗೂ ಕೀರ್ತಿವಂತನಾದ ಆತನು ಮೂವತ್ತು ವರ್ಷವನ್ನೂ ಕಾಣದೆ ತೀರಿಕೊಂಡನು.

ಅಲ್ಲಿಂದ ಮುಂದಿನ ಎರಡು ಶಿಖರಗಳು ಬಿಲ್ ರಾಬಿನ್ಸನ್ ಮತ್ತು ಜಾನ್ ಬಬಲ್ಸ್. 1878ರಲ್ಲಿ ವರ್ಜೀನಿಯದ ರಿಚ್ಮಂಡ್‌ನಲ್ಲಿ ಜನಿಸಿದ ರಾಬಿನ್ಸನ್ ಅವರು ಮರದ ಅಟ್ಟೆಯ ಪಾದರಕ್ಷೆ ತೊಟ್ಟು, ದೇಹವನ್ನು ನೆಟ್ಟಗೆ ನಿಲ್ಲಿಸಿ, ಮುಂಗಾಲಿನ ಮೇಲೆ ಲಘುವಾಗಿ ಕುಣಿಯುತ್ತಿದ್ದರು. ಅವರ ಪ್ರಸಿದ್ಧ ಸೋಪಾನನೃತ್ಯದಲ್ಲಿ ಮೆಟ್ಟಿಲುಮೆಟ್ಟಿಲಿಗೂ ಬೇರೊಂದು ಲಯ, ಬೇರೊಂದು ಧ್ವನಿ. 1935ರ ‘ದಿ ಲಿಟಲ್ ಕರ್ನಲ್’ ಚಿತ್ರದಲ್ಲಿ ಬಾಲನಟಿ ಶರ್ಲಿ ಟೆಂಪಲ್ಲಳ ಕೈಹಿಡಿದು ಅವರು ಮೆಟ್ಟಿಲೇರುವ ದೃಶ್ಯವನ್ನು ಕಣ್ಣುಮುಚ್ಚಿ ಆಲಿಸಬೇಕು. ಆಗ ಆ ಶುದ್ಧ ಉಚ್ಚಾರದ ಬೆಲೆ ತಿಳಿಯುತ್ತದೆ. ಬಬಲ್ಸ್ ಅವರ ಮಾರ್ಗ ಇದಕ್ಕೆ ವಿರುದ್ಧ. ಅವರು ಕಾಲಪ್ರಮಾಣವನ್ನು ಅರ್ಧಕ್ಕಿಳಿಸಿ, ಹಾಗೆ ದೊರೆತ ಅವಕಾಶದಲ್ಲಿ ಹಿಮ್ಮಡಿಯ ಗಂಭೀರ ಘಾತಗಳನ್ನು ಅನಿರೀಕ್ಷಿತವಾದ ಎಡೆಗಳಲ್ಲಿ ಇಳಿಸಿದರು. ಮುಂಗಾಲಿನ ತಾರಸ್ವರಕ್ಕೆ ಹಿಮ್ಮಡಿಯ ಮಂದ್ರ ಜೊತೆಯಾದುದು ಹೀಗೆ.

ಆ ಕಾಲದ ನರ್ತಕರ ವಿಶ್ವವಿದ್ಯಾನಿಲಯವೆಂದರೆ ಹಾರ್ಲೆಮ್‌ನ ಲಫಯೆಟ್ ನಾಟಕಶಾಲೆಯ ಪಕ್ಕದಲ್ಲಿದ್ದ ಹೂಫರ್ಸ್ ಕ್ಲಬ್: ಜೂಜುಕಟ್ಟೆಯೊಂದರ ಹಿಂದಣ ಚಿಕ್ಕ ಕೊಠಡಿ, ಒಂದು ಹಳೆಯ ಪಿಯಾನೊ, ಸವೆದ ನೆಲ. ಅಲ್ಲಿ ಗುರುವೂ ಇಲ್ಲ, ಶುಲ್ಕವೂ ಇಲ್ಲ. ಇದ್ದದ್ದು ಪರಸ್ಪರ ಪರೀಕ್ಷೆ, ಜೊತೆಗೆ ಒಂದು ಅಲಿಖಿತ ಶಾಸನ: ಇನ್ನೊಬ್ಬನ ಹೆಜ್ಜೆಯನ್ನು ಇದ್ದಂತೆಯೇ ಎತ್ತಿಕೊಳ್ಳಕೂಡದು. ಹರೆಯದಲ್ಲಿ ಇಲ್ಲಿ ಪರಿಹಾಸ್ಯಕ್ಕೆ ಗುರಿಯಾಗಿ ಹೊರನಡೆದ ಬಬಲ್ಸ್, ದೂರದಲ್ಲಿ ಸಾಧನೆ ಮಾಡಿ ಮರಳಿ ಬಂದು ಅದೇ ಕೊಠಡಿಯನ್ನು ಗೆದ್ದರು. ಇತರರ ಹೆಜ್ಜೆಯನ್ನು ಗ್ರಹಿಸಲು ಅವರು ಹೂಡುತ್ತಿದ್ದ ಉಪಾಯವನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ: ಕುಣಿಯುತ್ತಿರುವವನನ್ನು ತಡೆದು, ಎಲ್ಲಿಯೋ ಏನನ್ನೋ ಬಿಟ್ಟೆಯಲ್ಲ, ಇನ್ನೊಮ್ಮೆ ಮಾಡು ಎನ್ನುವುದು, ಅವನು ಮತ್ತೆ ಮಾಡುವಷ್ಟರಲ್ಲಿ ಹೆಜ್ಜೆ ಇವರ ವಶವಾಗಿರುತ್ತಿತ್ತು. ತಮ್ಮ ಹೆಜ್ಜೆಗಳನ್ನು ಮಾತ್ರ ಅವರು ಪ್ರದರ್ಶನದಿಂದ ಪ್ರದರ್ಶನಕ್ಕೆ ಬದಲಿಸುತ್ತಿದ್ದುದರಿಂದ ಕದಿಯುವುದು ಕಷ್ಟವಾಗಿತ್ತು.

ಈ ಪ್ರಸಂಗವು ಕೇವಲ ವಿನೋದದ್ದಲ್ಲ. ಹೆಜ್ಜೆಗೆ ಹಕ್ಕುಪತ್ರವಿಲ್ಲದ, ಲಿಪಿಯಿಲ್ಲದ, ಬಣ್ಣದ ಕಾರಣದಿಂದ ಅರ್ಧ ಬಾಗಿಲುಗಳು ಮುಚ್ಚಿದ್ದ ಲೋಕದಲ್ಲಿ ಒಬ್ಬ ನರ್ತಕನಿಗಿದ್ದ ಏಕಮಾತ್ರ ಆಸ್ತಿ ಅವನ ಹೆಜ್ಜೆ. ಅದನ್ನು ಇನ್ನೊಬ್ಬನಿಗೆ ಕಲಿಸಿಕೊಡುವುದೆಂದರೆ ತನ್ನ ಅನ್ನವನ್ನೇ ಪಾಲುಮಾಡಿಕೊಟ್ಟಂತೆ. ಹಣಕ್ಕೆ ಪಾಠ ಹೇಳುವವರೂ ಇದ್ದರೆನ್ನಿ. ಬ್ಯಾಲೆಯಲ್ಲಿ ಪಳಗಿ ಸದಾ ಮೇಲಕ್ಕೆ ನೆಗೆಯುತ್ತಿದ್ದ ತರುಣಿ ಎಲಿನಾರ್ ಪವೆಲ್‌ಗೆ ಜ್ಯಾಕ್ ಡೊನಹ್ಯೂ ಎಂಬ ಶಿಕ್ಷಕರು ಸೈನಿಕರ ನಡುಪಟ್ಟಿಯೊಂದನ್ನು ಕಟ್ಟಿ, ಎರಡೂ ಪಕ್ಕಕ್ಕೆ ಮರಳುಚೀಲಗಳನ್ನು ತೂಗುಹಾಕಿ ಪಾಠ ಹೇಳಿದರು. ನೆಲಕ್ಕೆ ಅಂಟಿ ನಿಲ್ಲುವುದನ್ನು ಆಕೆಯ ದೇಹ ಹೀಗೆ ಅಭ್ಯಾಸ ಮಾಡಿತು. ಮುಂದೆ ಆಕೆ ಅಸ್ಟೇರ್ ಅವರಿಗೆ ಸರಿಸಮನಾಗಿ ನಿಂತ ನರ್ತಕಿಯಾದುದಕ್ಕೆ ಆ ಮರಳಿನ ಭಾರವೂ ಒಂದು ಕಾರಣ.

1940ರ ದಶಕದಿಂದ ಗಾಳಿ ತಿರುಗಿತು. 1943ರ ‘ಓಕ್ಲಹೋಮ’ ನಾಟಕದ ಅನಂತರ ಬ್ರಾಡ್‌ವೇ ರಂಗಭೂಮಿಯು ಬ್ಯಾಲೆಯ ಕಡೆಗೆ ಒಲಿಯಿತು. 1944ರಲ್ಲಿ ನೃತ್ಯಗಾಯನಗಳಿರುವ ಕ್ಲಬ್ಬುಗಳ ಮೇಲೆ ಬಿದ್ದ ಶೇಕಡಾ 30ರ ತೆರಿಗೆಯು ಮಾಲೀಕರನ್ನು ವಾದ್ಯಸಂಗೀತಕ್ಕಷ್ಟೇ ತೃಪ್ತರಾಗುವಂತೆ ಮಾಡಿತು. ದೊಡ್ಡ ವಾದ್ಯಮೇಳಗಳು ಚದುರಿದವು. 1949ರಲ್ಲಿ ರಾಬಿನ್ಸನ್ ತೀರಿಕೊಂಡರು. ಲಕ್ಷಾಂತರ ಡಾಲರು ಗಳಿಸಿದ್ದ ಅವರ ಕೈಯಲ್ಲಿ ಕೊನೆಗೆ ಏನೂ ಉಳಿದಿರಲಿಲ್ಲ. ಉಳಿದವರು ಹೊಟ್ಟೆಪಾಡಿಗೆ ದಾರಿ ಹುಡುಕಿದರು. ನಡಿಗೆಯಲ್ಲಿಯೇ ರಾಜಗಾಂಭೀರ್ಯವಿದ್ದ ಹನಿ ಕೋಲ್ಸ್ ಅವರು ಹಾರ್ಲೆಮ್‌ನ ಅಪೊಲೊ ನಾಟಕಶಾಲೆಯಲ್ಲಿ ರಂಗವ್ಯವಸ್ಥಾಪಕರಾದರು. ಹನ್ನೆರಡನೆಯ ವಯಸ್ಸಿನಲ್ಲಿ ಹತ್ತಿಬೀಜದ ಗಿರಣಿಯಲ್ಲಿ ಎಡಗಾಲನ್ನು ಕಳೆದುಕೊಂಡು, ಮರದ ಊರುಗಾಲಿನಿಂದಲೇ ನರ್ತಿಸಿ ದೇಶವನ್ನು ಬೆರಗುಗೊಳಿಸಿದ ಕ್ಲೇಟನ್ ಬೇಟ್ಸ್ ಅವರು 1951ರಲ್ಲಿ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ವಿಹಾರಧಾಮವೊಂದನ್ನು ತೆರೆದರು. ಕೋಲ್ಸ್ ಅವರ ಜೊತೆಗಾರರಾಗಿದ್ದ ಚಾಲಿ ಆಟ್ಕಿನ್ಸ್ ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಗೆ ಹೋಗಿ ಹಾಡುಗಾರರಿಗೆ ಹೆಜ್ಜೆ ಕಲಿಸಿದರು. ‘ಟೆಂಪ್ಟೇಷನ್ಸ್’, ‘ಸುಪ್ರೀಮ್ಸ್’ ಮೊದಲಾದ ತಂಡಗಳು ಹಾಡುತ್ತ ಹಾಡುತ್ತಲೇ ತಿರುಗಿ, ಸರಿದು, ಮುಂದಿನ ಸಾಲಿನ ಹೊತ್ತಿಗೆ ಮೈಕಿನ ಮುಂದೆ ಹಾಜರಾಗುವ ಆ ಚಮತ್ಕಾರದ ಹಿಂದೆ ಒಬ್ಬ ಟ್ಯಾಪ್ ನರ್ತಕನ ಕಾಲಜ್ಞಾನವಿದೆಯೆಂದು ಅವರನ್ನು ಟಿ.ವಿ.ಯಲ್ಲಿ ನೋಡಿದ ಕೋಟಿ ಜನಕ್ಕೆ ತಿಳಿದಿರಲಾರದು.

ಕೋಲ್ಸ್ ಮತ್ತು ಆಟ್ಕಿನ್ಸ್ ಜೋಡಿಯ ‘ಸಾಫ್ಟ್ ಶೂ’ ನೃತ್ಯದ ಬಗೆಗೆ ಇಲ್ಲಿಯೇ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಷ್ಟು ವಿಳಂಬಗತಿಯಲ್ಲಿ ಬೇರಾರೂ ಕುಣಿಯಲು ಧೈರ್ಯಮಾಡುತ್ತಿರಲಿಲ್ಲ. ವೇಗದಲ್ಲಿ ತಪ್ಪುಗಳು ಮುಚ್ಚಿಹೋಗುತ್ತವೆ; ವಿಳಂಬದಲ್ಲಿ ಒಂದು ಘಾತಕ್ಕೂ ಇನ್ನೊಂದಕ್ಕೂ ನಡುವಣ ನಿಶ್ಶಬ್ದದಲ್ಲಿ ದೇಹದ ಸಮತೋಲವೆಲ್ಲ ಬಯಲಾಗುತ್ತದೆ. ಆ ನಿಶ್ಶಬ್ದವನ್ನು ತುಂಬದೆ ಬಿಡುವ ಸ್ಥೈರ್ಯವನ್ನು ಯಾವ ಪುಸ್ತಕವೂ ಕಲಿಸಲಾರದು. ಅದನ್ನು ಬಲ್ಲವರ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಹಾಗೆ ಪಕ್ಕದಲ್ಲಿ ನಿಲ್ಲಲು 1970ರ ದಶಕದಲ್ಲಿ ಬಂದವರಲ್ಲಿ ಹೆಚ್ಚಿನವರು ಹೆಂಗಸರು. 1950ರ ದಶಕದಲ್ಲಿಯೇ ಕೋಲ್ಸ್ ಅವರಲ್ಲಿ ಕಲಿತಿದ್ದ ಬ್ರೆಂಡಾ ಬಫಲಿನೊ ಅವರು ವರ್ಷಗಳ ಮೇಲೆ ಮರಳಿ ಗುರುವನ್ನು ಹುಡುಕಿಕೊಂಡು ಬಂದು, ಅವರನ್ನೂ ಅವರ ಸಂಗಡಿಗರನ್ನೂ ಚಿತ್ರೀಕರಿಸಿ ದಾಖಲೆ ಮಾಡಿದರು. ಅವರೊಡನೆ ಒಂದೇ ರಂಗದ ಮೇಲೆ ನರ್ತಿಸಿದರು. 1986ರಲ್ಲಿ ಅನೇಕ ನರ್ತಕರ ಪಾದಗಳನ್ನು ವಾದ್ಯಮೇಳದಂತೆ ಸಂಯೋಜಿಸುವ ‘ಅಮೆರಿಕನ್ ಟ್ಯಾಪ್ ಡಾನ್ಸ್ ಆರ್ಕೆಸ್ಟ್ರಾ’ವನ್ನು ಸ್ಥಾಪಿಸಿದರು. ಕೋಲ್ಸ್ ಅವರಿಗೆ 1983ರಲ್ಲಿ ಟೋನಿ ಪ್ರಶಸ್ತಿಯೂ 1991ರಲ್ಲಿ ರಾಷ್ಟ್ರೀಯ ಕಲಾಪದಕವೂ ದೊರೆತವು. ಮರುವರ್ಷ ಅವರು ಕಾಲವಾದರು.

ಬಾಸ್ಟನ್ನಿನ ಲಿಯಾನ್ ಕಾಲಿನ್ಸ್ ಮತ್ತು ಡಯಾನ್ ವಾಕರ್ ಅವರ ವೃತ್ತಾಂತವು ನನಗೆ ಇದಕ್ಕಿಂತಲೂ ಪ್ರಿಯವಾದುದು. ಕಾಲಿನ್ಸ್ ಅವರು ಬೀಬಾಪ್ ಸಂಗೀತದ ಜಟಿಲಗತಿಗಳನ್ನು ಪಾದಗಳಲ್ಲಿ ನುಡಿಸಬಲ್ಲ, ರಿಮ್‌ಸ್ಕಿ-ಕೊರ್ಸಕೋವ್ ಅವರ ‘ದುಂಬಿಯ ಹಾರಾಟ’ಕ್ಕೆ ಸ್ವರಬಿಡದೆ ಕುಣಿಯಬಲ್ಲ ಕಲಾವಿದರು. ಕೇಳುವವರಿಲ್ಲದ ಕಾಲದಲ್ಲಿ ಅವರು ಕಾರುಗಳನ್ನು ದುರಸ್ತಿಮಾಡುತ್ತ ಜೀವಿಸಿದರು. ಅವರ ಬಳಿಗೆ 1970ರ ದಶಕದ ಅಂತ್ಯದಲ್ಲಿ ಬಂದ ವಾಕರ್, ಬಾಲ್ಯದಲ್ಲಿ ಕಲಿತು ಬಿಟ್ಟಿದ್ದ ವಿದ್ಯೆಯ ಹಂಬಲವನ್ನು ಮರೆಯಲಾರದ, ಮಕ್ಕಳ ತಾಯಿಯಾಗಿದ್ದ ಗೃಹಸ್ಥೆ. ಕಾಲಿನ್ಸ್ ತಮ್ಮ ನೃತ್ಯಗಳಿಗೆ ಹೆಸರಿಡದೆ ಸಂಖ್ಯೆಯಿಟ್ಟು, ಕ್ರಮವಾಗಿ ಪಾಠ ಹೇಳಿದರು. 1985ರಲ್ಲಿ ಅವರು ನಿಧನರಾದಾಗ ಶಾಲೆಯನ್ನು ಮುಚ್ಚಗೊಡದೆ ನಡೆಸಿದವರು ವಾಕರ್ ಮತ್ತು ಅವರ ಸಹಪಾಠಿನಿಯರು. ವಾಕರ್ ಅವರ ನೃತ್ಯದಲ್ಲಿ ಶ್ರಮದ ಲೇಶವೂ ಕಾಣದು. ಮೇಲ್ಭಾಗ ನಿಶ್ಚಲ, ಮುಖದಲ್ಲಿ ಮಂದಹಾಸ, ಕೆಳಗೆ ಮುತ್ತುದುರಿದಂಥ ಬಿಡಿಬಿಡಿ ನಾದ. ಇಂದು ಪ್ರಸಿದ್ಧರಾಗಿರುವ ಅನೇಕ ನರ್ತಕರು ಆಕೆಯನ್ನು ಮಾತೃಸ್ಥಾನದಲ್ಲಿಟ್ಟು ಗೌರವಿಸುತ್ತಾರೆ. ಚಲನಚಿತ್ರದ ಕೀರ್ತಿಯನ್ನಷ್ಟೇ ಅಳತೆಗೋಲಾಗಿ ಹಿಡಿದವರಿಗೆ ಆಕೆಯ ಹೆಸರೇ ಸಿಕ್ಕಲಾರದು.

ಸ್ತ್ರೀಯರ ವಿಷಯ ಬಂದುದರಿಂದ ಜೆನಿ ಲಗಾನ್ ಅವರನ್ನು ಸ್ಮರಿಸಬೇಕು. 1935ರಲ್ಲಿ ಎಂ.ಜಿ.ಎಂ. ಸಂಸ್ಥೆಯೊಡನೆ ದೀರ್ಘಾವಧಿಯ ಒಪ್ಪಂದ ಮಾಡಿಕೊಂಡು, ದೊಡ್ಡ ಸ್ಟುಡಿಯೊವೊಂದರಿಂದ ಅಂಥ ಮನ್ನಣೆ ಪಡೆದ ಮೊದಲ ಕಪ್ಪುವರ್ಣೀಯ ಮಹಿಳೆಯೆನಿಸಿದ ಆಕೆ, ಷರಾಯಿ ತೊಟ್ಟು ಗಂಡಸರಿಗೆ ಸರಿದೊರೆಯಾಗಿ ಕುಣಿಯುತ್ತಿದ್ದರು. ಒಪ್ಪಂದವು ಅಲ್ಪಕಾಲದಲ್ಲಿಯೇ ರದ್ದಾಯಿತು. ಅನಂತರ ಹಾಲಿವುಡ್ ಅವರಿಗೆ ಕೊಟ್ಟದ್ದು ಬಹುಮಟ್ಟಿಗೆ ಮನೆಗೆಲಸದವಳ ಪಾತ್ರಗಳನ್ನು. 1969ರಲ್ಲಿ ಕೆನಡಾದ ವ್ಯಾಂಕೂವರ್‌ಗೆ ಹೋಗಿ ನೆಲಸಿದ ಅವರು ದಶಕಗಳ ಕಾಲ ಅಲ್ಲಿ ನೃತ್ಯ ಕಲಿಸಿ, 2012ರಲ್ಲಿ ತೀರಿಕೊಂಡರು. ಸ್ಟುಡಿಯೊ ಮಾಡಿದ ಅನ್ಯಾಯವನ್ನು ನೆನೆದು ಮರುಗುವ ಲೇಖಕರು ಆ ದಶಕಗಳನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುವುದನ್ನು ಕಂಡಾಗ ನನಗೆ ಖೇದವಾಗುತ್ತದೆ. ಆಕೆಯ ಬಾಳಿನ ಸಾರ್ಥಕಭಾಗವನ್ನು ಹಾಲಿವುಡ್ಡಿನ ಆ ಕೆಲವು ದೃಶ್ಯಗಳಿಗಿಂತ ಮಿಗಿಲಾಗಿ ವ್ಯಾಂಕೂವರ್‌ನ ಪಾಠಗಳಲ್ಲಿ ಹುಡುಕಬೇಡವೇ?

ನ್ಯೂಯಾರ್ಕಿನಲ್ಲಿ ಹೆನ್ರಿ ಲಟ್ಯಾಂಗ್ ಅವರು ಗ್ರೆಗರಿ ಹೈನ್ಸ್ ಮತ್ತು ಅವರ ಅಣ್ಣ ಮೋರಿಸ್‌ಗೆ ಬಾಲ್ಯದಲ್ಲಿಯೇ ಪಾಠ ಹೇಳಿದ್ದರು. ಆ ಗ್ರೆಗರಿ ಹೈನ್ಸ್ ದೊಡ್ಡ ನಟರಾದ ಮೇಲೆ ತಮ್ಮ ಪ್ರಭಾವವನ್ನೆಲ್ಲ ಬಳಸಿ, 1989ರ ‘ಟ್ಯಾಪ್’ ಚಿತ್ರದಲ್ಲಿ ಜಿಮ್ಮಿ ಸ್ಲೈಡ್, ಬನ್ನಿ ಬ್ರಿಗ್ಸ್, ಸ್ಯಾಂಡ್‌ಮ್ಯಾನ್ ಸಿಮ್ಸ್ ಮೊದಲಾದ ವೃದ್ಧ ನರ್ತಕರನ್ನು ಕ್ಯಾಮರಾದ ಮುಂದೆ ತಂದು ನಿಲ್ಲಿಸಿದರು. ಅದೇ ವರ್ಷ ಬ್ರಾಡ್‌ವೇಯ ‘ಬ್ಲ್ಯಾಕ್ ಅಂಡ್ ಬ್ಲೂ’ ಪ್ರಯೋಗದಲ್ಲಿ ಆ ಹಿರಿಯರೊಡನೆ ದಿನದಿನವೂ ಕುಣಿದ ಬಾಲಕ ಸೇವಿಯನ್ ಗ್ಲೋವರ್. 1996ರಲ್ಲಿ ಬ್ರಾಡ್‌ವೇಗೆ ಬಂದ ತಮ್ಮ ‘ಬ್ರಿಂಗ್ ಇನ್ ದ ನಾಯ್ಸ್, ಬ್ರಿಂಗ್ ಇನ್ ದ ಫಂಕ್’ ಪ್ರಯೋಗದಲ್ಲಿ ಗ್ಲೋವರ್ ಮಾಡಿದ ಒಂದು ಕಾರ್ಯವು ಗುರುಋಣವನ್ನು ತೀರಿಸುವ ಬಗೆಗೆ ಆದರ್ಶಪ್ರಾಯವಾದುದು. ಚಕ್ ಗ್ರೀನ್, ಲಾನ್ ಚೇನಿ, ಬಸ್ಟರ್ ಬ್ರೌನ್, ಜಿಮ್ಮಿ ಸ್ಲೈಡ್ ಎಂಬ ನಾಲ್ವರು ಗುರುಗಳ ಹೆಸರನ್ನೇ ಶೀರ್ಷಿಕೆಯಾಗಿಟ್ಟ ಏಕವ್ಯಕ್ತಿ ನೃತ್ಯವದು. ಪ್ರೇಕ್ಷಕರಿಗೆ ಬೆನ್ನುಮಾಡಿ, ಕನ್ನಡಿಗಳೆದುರು ನಿಂತು, ಒಬ್ಬೊಬ್ಬ ಗುರುವಿನ ಶೈಲಿಯನ್ನೂ ಒಂದಾದ ಮೇಲೊಂದರಂತೆ ಅವರು ತಮ್ಮ ಪಾದಗಳಲ್ಲಿ ತೋರಿಸುತ್ತಾರೆ. ಯಾರಿಂದ ಏನನ್ನು ಪಡೆದೆನೆಂಬುದನ್ನು ಧ್ವನಿಮುದ್ರಿತವಾದ ಅವರ ಮಾತೇ ವಿವರಿಸುತ್ತದೆ. ಹೂಫರ್ಸ್ ಕ್ಲಬ್ಬಿನ ಹಳೆಯ ಶಾಸನಕ್ಕೆ ಇದಕ್ಕಿಂತ ಗೌರವದ ಉತ್ತರವನ್ನು ನಾನರಿಯೆ: ಹೆಜ್ಜೆಯನ್ನು ಎತ್ತಿಕೊಂಡವನು ಕೊಟ್ಟವನ ಹೆಸರನ್ನು ಸಭೆಯಲ್ಲಿ ಹೇಳಿ, ಅನಂತರ ತನ್ನದನ್ನು ಕುಣಿಯುತ್ತಾನೆ.

ಭಾರತದ ಪಾಲೂ ಈ ಕಥೆಯಲ್ಲಿ ಇಷ್ಟಿದೆ. ಕೋಲ್ಕತ್ತದಲ್ಲಿ ಹುಟ್ಟಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಥಕ್ ಶಾಲೆಯನ್ನು ಕಟ್ಟಿದ ಪಂಡಿತ ಚಿತ್ರೇಶ್ ದಾಸ್ ಅವರು ಅರವತ್ತರ ಗಡಿಯಲ್ಲಿದ್ದಾಗ, ಇಪ್ಪತ್ತನಾಲ್ಕರ ಆಸುಪಾಸಿನ ಟ್ಯಾಪ್ ನರ್ತಕ ಜೇಸನ್ ಸ್ಯಾಮ್ಯುಯೆಲ್ಸ್ ಸ್ಮಿತ್ ಅವರನ್ನು ಅಮೆರಿಕದ ಉತ್ಸವವೊಂದರಲ್ಲಿ ಕಂಡರು. ಆ ಭೇಟಿಯ ಫಲವಾಗಿ 2005ರಲ್ಲಿ ‘ಇಂಡಿಯ ಜಾಝ್ ಸ್ವೀಟ್ಸ್’ ಎಂಬ ಜೋಡಿಪ್ರಯೋಗ ಮೂಡಿತು. ಒಬ್ಬರದು ಗೆಜ್ಜೆ ಕಟ್ಟಿದ ಬರಿಗಾಲು, ಇನ್ನೊಬ್ಬರದು ಲೋಹದ ಪಾದರಕ್ಷೆ. ಒಬ್ಬರ ಬೆನ್ನಿಗೆ ತಬಲಾ, ಇನ್ನೊಬ್ಬರ ಬೆನ್ನಿಗೆ ಪಿಯಾನೊ. ಪ್ರಶ್ನೆಗೆ ಪ್ರತಿಪ್ರಶ್ನೆಯಾಗಿ ಇಬ್ಬರೂ ಸ್ಥಳದಲ್ಲಿಯೇ ಕಲ್ಪಿಸಿ ಕುಣಿಯುತ್ತಿದ್ದರು; ಆ ಪ್ರಯೋಗ ಭಾರತದಲ್ಲಿಯೂ ಸಂಚರಿಸಿತು. ಎರಡೂ ವಿದ್ಯೆಗಳು ಗುರುಮುಖದಿಂದಲೇ ಬಂದುವಾದುದರಿಂದ, ಮಗನ ವಯಸ್ಸಿನ ತರುಣನೊಡನೆ ಹಿರಿಯರು ಸಮಾನಸ್ಕಂಧರಾಗಿ ನಿಂತಾಗ ಅದರಲ್ಲಿ ಕೃತಕತೆ ಕಾಣಲಿಲ್ಲ. 2015ರಲ್ಲಿ ದಾಸ್ ಅವರು ನಿಧನರಾದರು.

ಅದೇ ವರ್ಷ ಅಮೆರಿಕದ ಮ್ಯಾಕ್‌ಆರ್ಥರ್ ಪ್ರತಿಷ್ಠಾನವು ಟ್ಯಾಪ್ ನರ್ತಕಿ ಮಿಶೆಲ್ ಡೊರಾನ್ಸ್ ಅವರಿಗೆ ತನ್ನ ಪ್ರತಿಷ್ಠಿತ ಪುರಸ್ಕಾರವನ್ನು ಕೊಟ್ಟಿತು. ಅರ್ಹರಿಗೇ ಸಂದಿತು. ಆದರೆ ಅವರು ಬೆಳೆದುದು ಉತ್ತರ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿ ಜೀನ್ ಮೆಡ್ಲರ್ ಎಂಬ ಶಿಕ್ಷಕರ ಕೈಕೆಳಗೆ, ಅವರು 1983ರಲ್ಲಿ ಕಟ್ಟಿದ ಮಕ್ಕಳ ಟ್ಯಾಪ್ ತಂಡದಲ್ಲಿ. ಊರಿನ ಮಕ್ಕಳನ್ನು ಹಿರಿಯ ನರ್ತಕರ ಬಳಿಗೆ ಕರೆದೊಯ್ದು, ಅವರಿಂದಲೇ ನೇರವಾಗಿ ಕಲಿಯುವಂತೆ ಮಾಡಿದ ಮೆಡ್ಲರ್ ಅವರಂಥವರನ್ನು ಯಾವ ಪ್ರತಿಷ್ಠಾನದ ಪಟ್ಟಿಯೂ ಸುಲಭವಾಗಿ ಗುರುತಿಸುವುದಿಲ್ಲ. ಶಿಷ್ಯರಿಗೆ ಪುರಸ್ಕಾರ ಕೊಡುವಾಗ ಅದರ ಒಂದು ಭಾಗವನ್ನು ಅವರು ಕಲಿತ ಶಾಲೆಗೆ ಮೀಸಲಿಡುವ ಪದ್ಧತಿ ಬರಬೇಕೆಂಬುದು ನನ್ನ ಅಭಿಮತ. ಪತ್ರಿಕೆಗಳಲ್ಲಿ ನೃತ್ಯವನ್ನು ಕುರಿತು ಬರೆಯುವವರಿಗೂ ನನ್ನದೊಂದು ವಿನಂತಿಯುಂಟು: ಕಲಾವಿದರೊಬ್ಬರು ಈಗ ಪಾಠ ಹೇಳುತ್ತಿದ್ದಾರೆಂಬ ಸಂಗತಿಯನ್ನು ವರದಿಯ ಕೊನೆಯ ಸಾಲಿಗೆ ತಳ್ಳದೆ, ಯಾರಿಗೆ, ಏನನ್ನು, ಹೇಗೆ ಹೇಳುತ್ತಿದ್ದಾರೆಂಬುದನ್ನು ಹೋಗಿ ನೋಡಿ, ಕೇಳಿ, ವಿಸ್ತಾರವಾಗಿ ಬರೆಯಿರಿ.