ಕೆಡದ ಗಣಕಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ

ಕಳೆದ ವಾರ ನಮ್ಮ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘದ ಪತ್ರವೊಂದು ನನ್ನ ಕೈಸೇರಿತು. ಶಾಲೆಯ ಗಣಕ ಕೊಠಡಿಯಲ್ಲಿರುವ ಹನ್ನೆರಡು ಯಂತ್ರಗಳು ಕಾಲಬಾಹಿರವಾಗಿವೆಯೆಂದೂ, ಅವುಗಳಲ್ಲಿ ವಿಂಡೋಸ್ ೧೧ ಅನ್ನು ಅಳವಡಿಸಲಾಗದೆಂದೂ, ಆದಕಾರಣ ಅವನ್ನು ವಿಲೇವಾರಿ ಮಾಡಿ ಹನ್ನೆರಡು ಹೊಸ ಯಂತ್ರಗಳನ್ನು ಕೊಳ್ಳಲು ಐದು ಲಕ್ಷ ರೂಪಾಯಿ ಸಂಗ್ರಹಿಸಲು ಉದ್ದೇಶಿಸಲಾಗಿದೆಯೆಂದೂ ಅದರಲ್ಲಿ ಬರೆದಿತ್ತು. ಕೊನೆಯಲ್ಲಿ ‘ಮೇಷ್ಟ್ರು ಆಶೀರ್ವದಿಸಬೇಕು’ ಎಂಬ ಸಾಲು. ಆಶೀರ್ವಾದಕ್ಕೆ ನನ್ನಲ್ಲಿ ಬಡತನವಿಲ್ಲ; ನಿಮ್ಮ ಔದಾರ್ಯವನ್ನು ಕಂಡು ಮನಸ್ಸು ತುಂಬಿಬಂದದ್ದೂ ಸುಳ್ಳಲ್ಲ. ಆದರೆ ಈ ನಿರ್ಣಯಕ್ಕೆ ನನ್ನ ಸಮ್ಮತಿಯಿಲ್ಲ. ಏಕಿಲ್ಲವೆಂಬುದನ್ನು ವಿವರವಾಗಿಯೇ ಹೇಳುತ್ತೇನೆ. ಗಣಿತದಲ್ಲಿ ಉತ್ತರ ಸರಿಯಿದ್ದರೂ ಕ್ರಮ ಬರೆಯದವರಿಗೆ ನಾನು ಅಂಕ ಕೊಡುತ್ತಿರಲಿಲ್ಲವೆಂಬುದು ನಿಮಗೆ ನೆನಪಿರಬೇಕು.

ಪತ್ರ ಓದಿದ ಮರುದಿನವೇ ಶಾಲೆಗೆ ಹೋದೆ. ಆ ಹನ್ನೆರಡು ಯಂತ್ರಗಳನ್ನು ೨೦೧೬ರಲ್ಲಿ ಕೊಡಿಸಿದವರೂ ನಿಮ್ಮಲ್ಲೇ ಕೆಲವರು. ಒಂದೊಂದನ್ನಾಗಿ ಚಾಲೂ ಮಾಡಿ ನೋಡಿದೆ. ಹತ್ತು ಯಂತ್ರಗಳು ಎದ್ದು ಕುಳಿತವು. ಹನ್ನೊಂದನೆಯದರ ವಿದ್ಯುತ್ ತಂತಿ ಸಡಿಲವಾಗಿತ್ತಷ್ಟೆ. ಒತ್ತಿದೊಡನೆ ಅದೂ ಎದ್ದಿತು. ಉಳಿದೊಂದಕ್ಕೆ ಮಾತ್ರ ರಿಪೇರಿ ಬೇಕು. ಏಳನೆಯ ಯಂತ್ರದ ಕೀಲಿಮಣೆಯಲ್ಲಿ ‘ಅ’ ಮೂಡಿಸುವ ಕೀಲಿಯೇ ಇಲ್ಲ. ಅಕ್ಷರಾಭ್ಯಾಸಕ್ಕೆ ಒಳ್ಳೆಯ ಶಕುನ! ನಾನು ಅಲ್ಲಿ ಕುಳಿತಿದ್ದಾಗಲೇ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿಗಳು ಸತ್ತು ಎರಡು ವರ್ಷವಾದ್ದರಿಂದ ಹನ್ನೊಂದೂ ಒಮ್ಮೆಲೇ ಕಣ್ಣು ಮುಚ್ಚಿದವು. ಮೇಜುಗಳ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. ಈ ಕೊಠಡಿ ತಿಂಗಳಿಗೆ ಎಷ್ಟು ಬಾರಿ ತೆರೆಯುತ್ತದೆಂದು ವಿಚಾರಿಸಿದೆ. ಗಣಿತದ ಮೇಡಂ ಅವರಿಗೆ ಬಿಡುವಾದಾಗ, ಎಂದರು. ಆ ಮೇಡಂಗೆ ವಾರಕ್ಕೆ ಎಷ್ಟು ಪೀರಿಯಡ್ಡುಗಳೆಂದು ನಾನು ಕೇಳಲಿಲ್ಲ. ಆ ಲೆಕ್ಕ ನನಗೆ ಗೊತ್ತು.

ಇನ್ನು ‘ಕಾಲಬಾಹಿರ’ ಎಂಬ ಮಾತಿನ ವಿಚಾರ. ವಿಂಡೋಸ್ ೧೦ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಕೊನೆಗೊಂಡಿತು. ಇದರರ್ಥ ಆ ದಿನದಿಂದ ಯಂತ್ರಗಳು ಕೆಲಸ ನಿಲ್ಲಿಸುತ್ತವೆಂದಲ್ಲ. ವ್ಯವಸ್ಥೆಯೊಳಗೆ ಕಂಡುಬರುವ ಸುರಕ್ಷತಾ ಲೋಪಗಳಿಗೆ ಪ್ರತಿ ತಿಂಗಳೂ ಬರುತ್ತಿದ್ದ ತೇಪೆಗಳು ನಿಲ್ಲುತ್ತವೆಂದು ಅರ್ಥ. ಮಾಳಿಗೆಯ ಹಂಚು ಒಡೆದರೆ ಬದಲಾಯಿಸಲು ಇನ್ನು ಯಾರೂ ಬರುವುದಿಲ್ಲ, ಮನೆಯೇನೂ ಬಿದ್ದಿಲ್ಲ. ಹಾಗೆಂದು ಸೋರುವ ಮನೆಯಲ್ಲೇ ಇರೋಣವೆಂದು ನಾನು ವಾದಿಸುವುದಿಲ್ಲ. ೨೦೧೭ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ಪಿಡುಗು ಜಗತ್ತನ್ನೆಲ್ಲ ಕಾಡಿದಾಗ, ಅದು ನುಗ್ಗಿದ ಕಿಂಡಿಗೆ ತೇಪೆಯು ಮಾರ್ಚಿಯಲ್ಲೇ ಸಿದ್ಧವಾಗಿತ್ತು. ತೇಪೆ ಹಾಕಿಕೊಳ್ಳದವರು ಕೆಟ್ಟರು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆ ನಿಂತಿತು. ಇತ್ತ ಕೇರಳದ ಕೆಲವು ಪಂಚಾಯಿತಿ ಕಚೇರಿಗಳ ಕಡತಗಳಿಗೂ ಬೀಗ ಬಿದ್ದಿತು. ಆದುದರಿಂದ ಏನಾದರೂ ಮಾಡಲೇಬೇಕೆಂಬಷ್ಟರ ಮಟ್ಟಿಗೆ ಸಂಘದ ಪತ್ರದೊಡನೆ ನನಗೆ ತಕರಾರಿಲ್ಲ.

ತಕರಾರಿರುವುದು ಮುಂದಿನ ಹೆಜ್ಜೆಯಲ್ಲಿ. ೨೦೨೧ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ೧೧ಕ್ಕೆ ನಾಲ್ಕು ಜಿಬಿ ಮೆಮೊರಿ, ಅರವತ್ತನಾಲ್ಕು ಜಿಬಿ ಸಂಗ್ರಹ ಸಾಕೆಂದು ನಿಯಮವಿದೆ. ನಮ್ಮ ಶಾಲೆಯ ಯಂತ್ರಗಳು ಅಷ್ಟನ್ನು ಹೊಂದಿವೆ. ತೊಡಕಿರುವುದು ಬೇರೆಡೆ. ಗುಪ್ತಕೀಲಿಗಳನ್ನು ಕಾಪಾಡುವ ‘ಟಿಪಿಎಂ ೨.೦’ ಎಂಬ ಭದ್ರತಾ ಸೌಲಭ್ಯವಿರಬೇಕು, ಜೊತೆಗೆ ಪ್ರೊಸೆಸರ್ ಕಂಪನಿಯ ಅಂಗೀಕೃತ ಪಟ್ಟಿಯಲ್ಲಿರಬೇಕು. ಇಂಟೆಲ್ ವಿಷಯದಲ್ಲಿ ಆ ಪಟ್ಟಿ, ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ, ೨೦೧೭ರಲ್ಲಿ ಬಂದ ಎಂಟನೆಯ ತಲೆಮಾರಿನಿಂದ ಆರಂಭವಾಗುತ್ತದೆ. ನಮ್ಮವು ಆರನೆಯ ತಲೆಮಾರಿನವು. ಆ ತಲೆಮಾರಿನ ಅನೇಕ ಯಂತ್ರಗಳಲ್ಲಿ ಟಿಪಿಎಂ ಸೌಲಭ್ಯವಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲವಾದ್ದರಿಂದ ಪ್ರವೇಶವಿಲ್ಲ. ಎಲ್ಲ ವಿಷಯಗಳಲ್ಲೂ ತೇರ್ಗಡೆಯಾದ ಹುಡುಗನನ್ನು ಹುಟ್ಟಿದ ವರ್ಷ ನೋಡಿ ಅನುತ್ತೀರ್ಣಗೊಳಿಸಿದ ಹಾಗಾಯಿತು. ಇದೇ ಕಂಪನಿಯ ಉದ್ಯೋಗಿಯೊಬ್ಬರು ೨೦೧೫ರಲ್ಲಿ ಸಮ್ಮೇಳನವೊಂದರಲ್ಲಿ ವಿಂಡೋಸ್ ೧೦ ಕಡೆಯ ಆವೃತ್ತಿಯೆಂದು ಹೇಳಿದ್ದು ಆಗ ದೊಡ್ಡ ಸುದ್ದಿಯಾಗಿತ್ತು! ಈ ಒಂದು ನಿಯಮದ ಕಾರಣದಿಂದ ಸುಮಾರು ಇಪ್ಪತ್ತನಾಲ್ಕು ಕೋಟಿ ಗಣಕಗಳು ಮರುಬಳಕೆಯ ಮಾರುಕಟ್ಟೆಗೂ ಬೇಡವಾಗಿ ಕಸವಾಗಬಹುದೆಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಸಮೀಕ್ಷಾ ಸಂಸ್ಥೆ ೨೦೨೩ರ ಡಿಸೆಂಬರಿನಲ್ಲಿ ಅಂದಾಜಿಸಿತ್ತು. ಆ ರಾಶಿಗೆ ನಮ್ಮ ಹನ್ನೆರಡನ್ನೂ ಸೇರಿಸಿ ಪುಣ್ಯ ಕಟ್ಟಿಕೊಳ್ಳಬೇಕೇ?

ಮುದುಕನಿಗೆ ಹೊಸದೆಲ್ಲ ಕಹಿ ಎಂದು ಕೆಲವರು ನಕ್ಕಾರು. ಅವರಿಗೊಂದು ಹಳೆಯ ಸಂಗತಿ. ೨೦೦೩ರಲ್ಲಿ, ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿದ್ದಾಗ, ಶಾಲೆಯ ಏಕೈಕ ಗಣಕವನ್ನು ವಿಂಡೋಸ್ ೯೮ರಿಂದ ಎಕ್ಸ್‌ಪಿಗೆ ಬದಲಾಯಿಸಲೇಬೇಕೆಂದು ಹಟ ಹಿಡಿದವನು ನಾನೇ. ಆಡಳಿತ ಮಂಡಲಿಯವರು ಬೇಡವೆಂದರು. ಆಗ ಕನ್ನಡದಲ್ಲಿ ಬೆರಳಚ್ಚಿಸಿದ್ದನ್ನು ಅದೇ ಅಕ್ಷರಶೈಲಿಯಿಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು. ನಮ್ಮ ನುಡಿ ಯಂತ್ರದ ಪಾಲಿಗೆ ಭಾಷೆಯೇ ಆಗಿರಲಿಲ್ಲ, ಬರಿಯ ಚಿತ್ರವಾಗಿತ್ತು. ಎಕ್ಸ್‌ಪಿ ಯೂನಿಕೋಡ್ ಕನ್ನಡವನ್ನು ತಂದಿತು, ಜೊತೆಗೆ ‘ತುಂಗಾ’ ಎಂಬ ಅಕ್ಷರಶೈಲಿಯನ್ನೂ. ಅದನ್ನು ಜಾಗೃತಗೊಳಿಸಲು ಸಿ.ಡಿ. ಹಾಕಿ ಒಂದಿಷ್ಟು ಹೆಣಗಬೇಕಿತ್ತು. ಹೆಣಗಿದ ಮೇಲೆ ಕಡತಕ್ಕೇ ಕನ್ನಡದಲ್ಲಿ ಹೆಸರಿಡಬಹುದಾಯಿತು. ಅಮೆರಿಕದಲ್ಲಿದ್ದ ನನ್ನ ಸೋದರಳಿಯನಿಗೆ ಮೊದಲ ಕನ್ನಡ ಮಿಂಚಂಚೆ ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಬದಲಾವಣೆಯಿಂದ ನಮಗೆ ಹಿಂದೆ ಇಲ್ಲದ ಒಂದು ಶಕ್ತಿ ಬಂತು. ವಿಂಡೋಸ್ ೧೧ರಿಂದ ನಮ್ಮ ಒಂಬತ್ತನೆಯ ತರಗತಿಯ ಮಗುವಿಗೆ ಯಾವ ಹೊಸ ಶಕ್ತಿ ಬರುತ್ತದೆಂದು ಸಂಘದ ಪತ್ರದಲ್ಲಿ ಹುಡುಕಿದೆ. ಒಂದು ಸಾಲೂ ಸಿಗಲಿಲ್ಲ.

ಇನ್ನೊಂದು ಬದಲಾವಣೆಯನ್ನೂ ಮಾಡಿಸಿದ್ದೆ. ಐದಾರು ವರ್ಷಗಳ ಅನಂತರ, ‘ಎಲ್ಲರೂ ಹಾಕಿಸ್ತಿದಾರೆ ಸಾರ್’ ಎಂದು ಅಂಗಡಿಯ ಹುಡುಗ ಹೇಳಿದ್ದಕ್ಕೆ ಮನೆಯ ಗಣಕಕ್ಕೆ ಹೊಸ ಆವೃತ್ತಿ ಹಾಕಿಸಿದೆ. ಅವನು ಡಿಸ್ಕನ್ನು ಪೂರ್ತಿ ಒರೆಸಿಬಿಟ್ಟ. ನಾನು ಪ್ರತಿ ಮಾಡಿಟ್ಟುಕೊಂಡಿರಲಿಲ್ಲ. ತಪ್ಪು ನನ್ನದೇ ಹೆಚ್ಚು. ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆಂದು ಬೆರಳಚ್ಚಿಸಿದ್ದ ಹದಿನೇಳು ಲೇಖನಗಳು ಹೋದವು. ಹದಿನಾರನ್ನು ಹೇಗೋ ಮತ್ತೆ ಬರೆಸಿದೆವು. ಶಾಲೆಯ ಮೊದಲ ಮುಖ್ಯೋಪಾಧ್ಯಾಯರು ಹಾಸಿಗೆಯಲ್ಲಿ ಮಲಗಿಕೊಂಡೇ ನನಗೆ ಹೇಳಿ ಬರೆಸಿದ್ದೊಂದಿತ್ತು. ಆ ವೇಳೆಗೆ ಅವರಿರಲಿಲ್ಲ. ಆ ಸಂಚಿಕೆಯಲ್ಲಿ ಅವರ ಭಾವಚಿತ್ರ ಮಾತ್ರವಿದೆ, ಮಾತಿಲ್ಲ.

ಹಾಗಾದರೆ ಮಾರ್ಗವೇನು? ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ನಿಮ್ಮಲ್ಲಿ ಬಹುಮಂದಿಗೆ ಅನ್ನ ಕೊಡುತ್ತಿದೆ; ನನಗಿಂತ ಚೆನ್ನಾಗಿ ನೀವೇ ಬಲ್ಲಿರಿ. ಅದರ ‘ಮಿಂಟ್’ ಎಂಬ ರೂಪಕ್ಕೆ ಎರಡು ಜಿಬಿ ಮೆಮೊರಿ ಸಾಕು, ನಾಲ್ಕಿದ್ದರೆ ಸುಖ. ಅದರ ೨೨ನೆಯ ಆವೃತ್ತಿಗೆ ೨೦೨೯ರವರೆಗೆ ಸುರಕ್ಷತಾ ತೇಪೆಗಳ ಭರವಸೆಯಿದೆ. ಬೆಲೆ ಸೊನ್ನೆ. ಇದೇನು ನನ್ನ ಹಗಲುಗನಸಲ್ಲ. ನೆರೆಯ ಕೇರಳದಲ್ಲಿ ೨೦೦೧ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳನ್ನು ಕ್ರಮೇಣ ಸ್ವತಂತ್ರ ತಂತ್ರಾಂಶದತ್ತ ಕರೆದೊಯ್ದಿತು. ೨೦೧೭ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಯಿತು. ಶಾಲೆಗಳಿಗೆಂದೇ ಉಬುಂಟು ಆಧಾರಿತ ಲಿನಕ್ಸನ್ನು ಸಿದ್ಧಪಡಿಸಿ ಕೊಟ್ಟಿತು. ಅಲ್ಲಿನ ಹತ್ತನೆಯ ತರಗತಿಯ ಮಕ್ಕಳು ಐಟಿ ಪರೀಕ್ಷೆಯನ್ನೂ ಅದರಲ್ಲೇ ಬರೆಯುತ್ತ ಬಂದಿದ್ದಾರೆ. ಗಡಿ ದಾಟಿದೊಡನೆ ಮಕ್ಕಳ ಬುದ್ಧಿ ಬೇರೆಯಾಗುತ್ತದೆಯೇ?

ನನ್ನ ಮನೆಯ ಗಣಕದಲ್ಲಿ ಮೊದಲು ಪರೀಕ್ಷಿಸಿಯೇ ಈ ಮಾತು ಹೇಳುತ್ತಿದ್ದೇನೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡುವ ಸೌಕರ್ಯವಿದೆ, ಒಳಗಿರುವುದಕ್ಕೆ ಧಕ್ಕೆಯಿಲ್ಲ. ಮೊದಲ ಮೂರು ದಿನ ಸಂಕಟವಾಯಿತು. ನುಡಿ ತಂತ್ರಾಂಶ ಅಲ್ಲಿಲ್ಲ. ಆದರೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ, ನುಡಿಯಿಂದ ನಮ್ಮ ಬೆರಳುಗಳಿಗೆ ಅಭ್ಯಾಸವಾಗಿರುವ ಆ ಕೀಲಿಮಣೆ ‘ಕೆಜಿಪಿ’ ಎಂಬ ಹೆಸರಿನಲ್ಲಿ ದೊರೆಯಿತು. ನಾಲ್ಕನೆಯ ದಿನ ಬೆರಳುಗಳು ದಾರಿ ಕಂಡುಕೊಂಡವು. ಹಳೆಯ ಮುದ್ರಕ ಮಾತ್ರ ಈಗಲೂ ಮುನಿಸಿಕೊಂಡಿದೆ. ಹಳೆಯ ನುಡಿ ಅಕ್ಷರಶೈಲಿಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟು, ಕೂತು ತಿದ್ದಬೇಕಾಯಿತು. ಈ ತೊಂದರೆಗಳನ್ನು ಮುಚ್ಚಿಟ್ಟು ಹೊಗಳಿದರೆ ನಾನೂ ಅಂಗಡಿಯ ಹುಡುಗನೇ ಆಗುತ್ತೇನೆ.

‘ಮೇಷ್ಟ್ರೇ, ಹೊರಗಡೆ ಕಚೇರಿಗಳಲ್ಲಿ ಎಲ್ಲಾ ವಿಂಡೋಸೇ ಇರೋದು, ನಮ್ಮ ಮಕ್ಕಳು ಹಿಂದೆ ಬೀಳ್ತಾರೆ’ ಎಂದು ಬೆಂಗಳೂರಿನಿಂದ ಒಬ್ಬ ಫೋನಿನಲ್ಲಿ ವಾದಿಸಿದ. ಅವನು ನನ್ನ ಬಳಿ ಲಾಗರಿತಮ್ ಕಲಿತದ್ದು ಕೋಷ್ಟಕದ ಪುಸ್ತಕದಲ್ಲಿ. ಇಂದು ಯಾವ ಕಚೇರಿಯಲ್ಲೂ ಆ ಪುಸ್ತಕವಿಲ್ಲ. ಅವನೇನೂ ಹಿಂದೆ ಬಿದ್ದಿಲ್ಲ. ನಮ್ಮ ಮಗು ಇಂದು ನೋಡುವ ಗುಂಡಿಗಳು ಅದು ಕೆಲಸಕ್ಕೆ ಸೇರುವ ಹೊತ್ತಿಗೆ ಯಾವ ವ್ಯವಸ್ಥೆಯಲ್ಲೂ ಇರಲಾರವು. ಕೋಷ್ಟಕ ರಚಿಸುವುದು, ಕಡತಗಳನ್ನು ಒಪ್ಪವಾಗಿಡುವುದು, ಜಿಯೋಜೀಬ್ರಾದಲ್ಲಿ ವೃತ್ತಕ್ಕೆ ಸ್ಪರ್ಶಕ ಎಳೆದು ಅದು ತ್ರಿಜ್ಯಕ್ಕೆ ಲಂಬವಾಗಿರುವುದನ್ನು ಕಣ್ಣಾರೆ ಕಾಣುವುದು, ಇವೆಲ್ಲ ಎಲ್ಲಿ ಕಲಿತರೂ ಒಂದೇ. ಮತ್ತೊಬ್ಬ, ನಿಯಮವನ್ನು ತಪ್ಪಿಸಿ ಹಳೆಯ ಯಂತ್ರಕ್ಕೇ ವಿಂಡೋಸ್ ೧೧ ತುಂಬಿಸುವ ಉಪಾಯವಿದೆಯೆಂದ. ಉಂಟು. ಹಾಗೆ ತುಂಬಿಸಿದ ಯಂತ್ರಗಳಿಗೆ ನವೀಕರಣದ ಖಾತರಿಯಿಲ್ಲವೆಂದು ಕಂಪನಿಯೇ ಎಚ್ಚರಿಸಿದೆ. ಕಳ್ಳಬಾಗಿಲಿನಿಂದ ಹೋಗಿ ಭದ್ರತೆ ಬೇಡುವುದು ನನಗೆ ಸರಿಕಾಣದು. ಪರವಾನಗಿ ಒಪ್ಪಂದವಿರುವ ಶಿಕ್ಷಣ ಸಂಸ್ಥೆಗಳಿಗೆ ಯಂತ್ರವೊಂದಕ್ಕೆ ಮೊದಲ ವರ್ಷ ಒಂದು ಡಾಲರ್, ಎರಡನೆಯ ವರ್ಷ ಎರಡು, ಮೂರನೆಯ ವರ್ಷ ನಾಲ್ಕು ಡಾಲರಿಗೆ ವಿಂಡೋಸ್ ೧೦ರ ತೇಪೆಗಳನ್ನು ಒದಗಿಸುವ ವ್ಯವಸ್ಥೆಯನ್ನೂ ಕಂಪನಿ ಘೋಷಿಸಿತು. ನಮ್ಮ ಶಾಲೆಗೆ ಅಂಥ ಒಪ್ಪಂದವಿಲ್ಲ. ಇದ್ದಿದ್ದರೂ ಅದು ಮೂರು ವರ್ಷಗಳ ವಾಯಿದೆಯಷ್ಟೆ.

ಒಂದು ವಿನಾಯಿತಿಯನ್ನು ನಾನೇ ಸೂಚಿಸುತ್ತೇನೆ. ಕಚೇರಿಯ ಯಂತ್ರದಲ್ಲಿ ಮಕ್ಕಳ ಆಧಾರ್ ಸಂಖ್ಯೆ, ಬ್ಯಾಂಕ್ ವಿವರ, ವರ್ಗಾವಣೆ ಪತ್ರಗಳೆಲ್ಲ ಇವೆ. ಅಲ್ಲಿನ ಗುಮಾಸ್ತರು ಇಲಾಖೆಯ ನಾನಾ ಉಪಕರಣಗಳನ್ನು ಜೋಡಿಸಿಕೊಳ್ಳಬೇಕು. ಅವರನ್ನು ಪ್ರಯೋಗಕ್ಕೊಡ್ಡುವುದು ಅನ್ಯಾಯ. ಅದಕ್ಕೆ ವಿಂಡೋಸ್ ೧೧ ಇರುವ ಹೊಸ ಯಂತ್ರವೊಂದನ್ನು ಧಾರಾಳವಾಗಿ ಕೊಡಿಸಿ.

ಉಳಿದ ಹಣದ ಮಾತಿಗೆ ಬರೋಣ. ನಮ್ಮ ಪ್ರಯೋಗಶಾಲೆಯ ಸೂಕ್ಷ್ಮದರ್ಶಕ ನಿಮಗೆ ನೆನಪಿದೆಯೇ? ನೆನಪಿರಲಾರದು, ನಿಮ್ಮಲ್ಲಿ ಯಾರೂ ಅದನ್ನು ನೋಡಿಲ್ಲ. ಒಡೆದೀತೆಂಬ ಭಯಕ್ಕೆ ಬೀರುವಿನಲ್ಲಿತ್ತು. ೧೯೮೯ರಲ್ಲಿ ದಾನಿಗಳೊಬ್ಬರು ಇನ್ನೂ ಉತ್ತಮವಾದುದನ್ನು ಕೊಡಿಸಿದರು. ಅದೂ ಬೀರು ಸೇರಿತು, ಹಳೆಯದರ ಪಕ್ಕದಲ್ಲೇ. ಆಗ ಶಾಲೆಯಲ್ಲಿ ಜೀವಶಾಸ್ತ್ರದ ಅಧ್ಯಾಪಕರ ಹುದ್ದೆ ಖಾಲಿಯಿತ್ತು. ಈರುಳ್ಳಿಯ ಸಿಪ್ಪೆಯ ಜೀವಕೋಶವನ್ನು ನಾನು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಐದು ಲಕ್ಷದಲ್ಲಿ ಕಚೇರಿಯ ಯಂತ್ರ, ಯುಪಿಎಸ್ ಬ್ಯಾಟರಿ, ಆ ಒಂದು ಯಂತ್ರದ ರಿಪೇರಿ, ಹನ್ನೆರಡು ಹೊಸ ಕೀಲಿಮಣೆಗಳು ಎಲ್ಲ ಕಳೆದ ಮೇಲೂ ಬಹುಪಾಲು ಉಳಿಯುತ್ತದೆ. ತಿಂಗಳಿಗೆ ಹದಿನೈದು ಸಾವಿರದಂತೆ, ವರ್ಷಕ್ಕೆ ಹತ್ತು ತಿಂಗಳ ಲೆಕ್ಕದಲ್ಲಿ, ಗಣಕ ಕಲಿಸಲು ಒಬ್ಬ ಅತಿಥಿ ಶಿಕ್ಷಕಿಯನ್ನು ಎರಡು ವರ್ಷ ಇಟ್ಟುಕೊಳ್ಳಲು ಮೂರು ಲಕ್ಷ ಸಾಕು. ನಮ್ಮೂರಲ್ಲೇ ಬಿ.ಸಿ.ಎ. ಮುಗಿಸಿ ಮನೆಯಲ್ಲಿ ಕುಳಿತಿರುವ ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಇಬ್ಬರು ನಿಮ್ಮದೇ ಸಹಪಾಠಿಗಳ ಮಕ್ಕಳು. ನಾಮಫಲಕಕ್ಕೆ ಹೊಸ ಯಂತ್ರವೇ ಶೋಭೆಯೆಂದು ಯಾರಿಗಾದರೂ ಅನ್ನಿಸಿದರೆ, ಕೊಠಡಿಯ ಬಾಗಿಲಿನ ಮೇಲೆ ಬೇಕಾದಷ್ಟು ಜಾಗವಿದೆ.

ಬರುವ ಭಾನುವಾರ ಹತ್ತು ಗಂಟೆಗೆ ಸಂಘದ ಸಭೆ. ದೂರದಲ್ಲಿರುವವರು ಅದಕ್ಕೆ ಮೊದಲೇ ನಿಮ್ಮ ಅಭಿಪ್ರಾಯ ಬರೆದು ಕಳುಹಿಸಿ. ವಿರೋಧವಿದ್ದರೆ ಕ್ರಮ ಸಹಿತ ಬರೆಯಿರಿ. ನಾನು ಒಂಬತ್ತಕ್ಕೇ ಹೋಗಿ ಪೆನ್‌ಡ್ರೈವ್ ಹಾಕಿ ಮೂರನೆಯ ಯಂತ್ರವನ್ನು ಸಿದ್ಧ ಮಾಡಿಟ್ಟಿರುತ್ತೇನೆ. ಕರೆಂಟು ಇರಬೇಕಷ್ಟೆ.