ಮೋನು ಯಾರ ಹತ್ತಿರ ಇದ್ದಾನೆ?

ಒಂದೂವರೆ ವರ್ಷದ ಮಗುವನ್ನು ಕಟ್ಟಿಕೊಂಡು ಪಕ್ಕದ ಊರಿನ ಮದುವೆಗೆ ಹೋಗಿ ಬರುವುದೇ ಒಂದು ಸಾಹಸ. ಹೀಗಿರುವಾಗ, ಡಿಸೆಂಬರ್ ರಜೆಯಲ್ಲಿ ಕಾಡಿನಂಚಿನ ಟೆಂಟ್‌ನಲ್ಲಿ ಎರಡು ರಾತ್ರಿ ಕಳೆದು ಬರೋಣ ಎಂದು ಇವರು ಹೇಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದೊಡ್ಡ ಮಕ್ಕಳಿಬ್ಬರೂ ಆಗಲೇ ಕುಣಿಯತೊಡಗಿದ್ದರು. "ನಾನೂ ಬರುತ್ತೇನೆ" ಎಂದು ಅತ್ತೆ ಹೇಳಿದ ಮೇಲೆ ನನ್ನ ಮಾತಿಗೆ ಬೆಲೆಯೇ ಉಳಿಯಲಿಲ್ಲ.

ಹೊರಟದ್ದು ಮಂಗಳೂರಿನಿಂದ ಸುಮಾರು ಎರಡು ಗಂಟೆಯ ದಾರಿ, ಹೆಬ್ರಿಯ ಕಡೆಗೆ. ಸೀತಾನದಿಯ ದಡ. ಆಚೆ ಸೋಮೇಶ್ವರ ಅಭಯಾರಣ್ಯ, ಅದರಾಚೆ ಆಗುಂಬೆಯ ಘಟ್ಟ. ಅಭಯಾರಣ್ಯದಲ್ಲಿ ಕಂಡಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ಆದ್ದರಿಂದ ಅನುಮತಿ ಇರುವ ಶಿಬಿರವೊಂದರಲ್ಲಿ ಮೊದಲೇ ಜಾಗ ಗೊತ್ತು ಮಾಡಿದ್ದೆವು. ನಾನು, ಇವರು, ಅತ್ತೆ, ನಾದಿನಿ, ಹನ್ನೆರಡು ವರ್ಷದ ಮಗಳು, ಒಂಬತ್ತು ವರ್ಷದ ಮಗ, ಮತ್ತೆ ನಮ್ಮ ಪುಟ್ಟ ಮೋನು. ಒಂದು ಮಗುವನ್ನು ನೋಡಿಕೊಳ್ಳಲು ಆರು ಜನ, ಹನ್ನೆರಡು ಕಣ್ಣು. ಇನ್ನೇನು ಬೇಕು ಎಂದುಕೊಂಡೆ.

ಸಹೋದರಿಯರೇ, ಆ ಹನ್ನೆರಡು ಕಣ್ಣುಗಳ ಕಥೆಯನ್ನೇ ನಿಮಗೆ ಹೇಳಬೇಕಾಗಿದೆ.

ಮೊದಲ ದಿನ ಮಧ್ಯಾಹ್ನ ಮನೆಯಿಂದ ತಂದ ಪತ್ತಿರ್ ಮತ್ತು ಕೋಳಿ ಸಾರು ಮುಗಿಸಿದೆವು. ಅಸರ್‌ನ ಹೊತ್ತಾಯಿತು. ಇವರು ಮಗನನ್ನು ಕರೆದುಕೊಂಡು ವುಝೂ ಮಾಡಲು ನದಿಗೆ ಇಳಿದರು. ಅತ್ತೆ ಟೆಂಟ್‌ನ ಒಳಗೆ ಚಾಪೆ ಹಾಸುತ್ತಿದ್ದರು. ನಾದಿನಿ ಪಾತ್ರೆ ತೊಳೆಯುತ್ತಿದ್ದಳು. ನಾನು ಮೋನುವಿನ ರಾತ್ರಿಯ ಗಂಜಿಗೆ ಅಕ್ಕಿ ಆರಿಸುತ್ತಾ ಕುಳಿತಿದ್ದೆ. ಅವನು ಅಪ್ಪನ ಹಿಂದೆ ಓಡಿದ್ದನ್ನು ನೋಡಿದ್ದೆ. ಹಾಗಾಗಿ ನನ್ನ ಮನಸ್ಸು ನಿಶ್ಚಿಂತೆಯಿಂದಿತ್ತು.

ಸ್ವಲ್ಪ ಹೊತ್ತಿನಲ್ಲಿ ಇವರು ಮುಖದ ನೀರು ಒರೆಸುತ್ತಾ ಮೇಲೆ ಬಂದರು. ಜೊತೆಗೆ ಮಗನೂ ಬಂದ.

"ಉಮ್ಮಾ, ಮೋನು ಎಲ್ಲಿ?" ಎಂದು ಮಗಳು ಕೇಳಿದಳು.

"ನಿಮ್ಮ ಜೊತೆಗಿರಲಿಲ್ಲವೇ?" ನಾನು ಇವರನ್ನು ಕೇಳಿದೆ.

"ನಿನ್ನ ಹತ್ತಿರ ಇದ್ದನಲ್ಲ?" ಎಂದು ಇವರು ನನ್ನನ್ನು ಕೇಳಿದರು.

ಆಮೇಲೆ ಯಾರೂ ಮಾತನಾಡಲಿಲ್ಲ. ಎಲ್ಲರೂ ಓಡಿದೆವು. ಎಲ್ಲರಿಗಿಂತ ಮುಂದೆ ಓಡಿದ್ದು ಮಗಳು. ಅಪ್ಪ ವುಝೂ ಮಾಡಿದ ಅದೇ ಕಲ್ಲಿನ ಬಳಿ ಮೋನು ಕಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತಿದ್ದ. ಅಪ್ಪನಂತೆಯೇ ಬೊಗಸೆಯಲ್ಲಿ ನೀರೆತ್ತಿ ಮುಖಕ್ಕೆ ಹಾಕಿಕೊಳ್ಳುತ್ತಿದ್ದ. ನಮ್ಮನ್ನು ಕಂಡು ನಕ್ಕ. ಅವನಿಂದ ನಾಲ್ಕು ಹೆಜ್ಜೆ ಮುಂದೆ ಮರಳು ಜಾರುತ್ತಿತ್ತು. ಅಲ್ಲಿ ನೀರು ನನ್ನ ಎದೆಮಟ್ಟ.

ನಾನು ಅವನನ್ನು ಎತ್ತಿಕೊಂಡು ಅಲ್ಲೇ ಕುಸಿದು ಕುಳಿತೆ. ಇವರು ನನ್ನ ಮೇಲೆ ಕೂಗಲಿಲ್ಲ, ನಾನೂ ಇವರ ಮೇಲೆ ಕೂಗಲಿಲ್ಲ. ತಪ್ಪು ಯಾರದು ಎಂದು ಹುಡುಕಲು ಹೊರಟರೆ ಆರು ಜನರದ್ದೂ ಆಗಿತ್ತು. ನಮಾಝ್ ಮುಗಿದ ಮೇಲೆ ಅತ್ತೆ ಒಂದೇ ಮಾತು ಹೇಳಿದರು: "ಅಲ್ಲಾಹನು ಕಾಪಾಡಿದ. ನಾವು ಕಾದಿರಲಿಲ್ಲ."

ಆ ಮಾತು ರಾತ್ರಿಯಿಡೀ ನನ್ನ ಕಿವಿಯಲ್ಲಿತ್ತು. ನೀರಿಗೆ ಬಿದ್ದ ಪುಟ್ಟ ಮಗು ಸಿನಿಮಾದಲ್ಲಿ ತೋರಿಸುವಂತೆ ಕಿರುಚುವುದಿಲ್ಲ, ಕೈ ಬೀಸಿ ಕರೆಯುವುದಿಲ್ಲ. ಸದ್ದಿಲ್ಲದೆ ಮುಳುಗುತ್ತದೆ. ಅದಕ್ಕೆ ನದಿಯೇ ಬೇಕೆಂದಿಲ್ಲ, ಬಚ್ಚಲುಮನೆಯ ಅರ್ಧ ಬಕೆಟ್ ನೀರೂ ಸಾಕು. ಮನೆಯಲ್ಲಿ ನಾನೊಬ್ಬಳೇ ಇದ್ದ ದಿನ ಮೋನು ಎಂದೂ ನನ್ನ ಕಣ್ತಪ್ಪಿಸಿಕೊಂಡವನಲ್ಲ. ಆರು ಜನ ಇದ್ದ ದಿನವೇ ತಪ್ಪಿಸಿಕೊಂಡ. ಏಕೆಂದರೆ, ಎಲ್ಲರೂ ನೋಡಿಕೊಳ್ಳುತ್ತಿದ್ದಾರೆ ಎಂದು ಪ್ರತಿಯೊಬ್ಬರೂ ತಿಳಿದುಕೊಂಡಿದ್ದೆವು.

ಮರುದಿನ ಬೆಳಿಗ್ಗೆ ಇವರು ಮಗನ ಆಟದ ಸೀಟಿಗೆ ದಾರ ಕಟ್ಟಿ ತಂದರು. ಅದು ಯಾರ ಕೊರಳಲ್ಲಿದೆಯೋ ಮೋನು ಅವರ ಹೊಣೆ. ಮೂರೇ ಮೂರು ನಿಯಮಗಳು. ಸೀಟಿ ಕೊರಳಲ್ಲಿರುವಷ್ಟು ಹೊತ್ತು ಅಡುಗೆಯಿಲ್ಲ, ಫೋನ್ ಇಲ್ಲ, ಹರಟೆಯಿಲ್ಲ. ಇನ್ನೊಬ್ಬರಿಗೆ ದಾಟಿಸುವಾಗ "ಮೋನು ಈಗ ನಿನ್ನ ಹತ್ತಿರ" ಎಂದು ಬಾಯಿಬಿಟ್ಟು ಹೇಳಬೇಕು, "ಹೌದು, ನನ್ನ ಹತ್ತಿರ" ಎಂಬ ಉತ್ತರ ಬಂದ ಮೇಲೆಯೇ ಕೈ ಬಿಡಬೇಕು. ನೀರಿನ ಬಳಿ ಇದ್ದಾಗ ಮಗು ಕೈಗೆಟಕುವಷ್ಟು ಹತ್ತಿರದಲ್ಲಿರಬೇಕು, ಕಣ್ಣಿಗೆ ಕಂಡರೆ ಸಾಲದು. ನನಗೂ ಸರದಿ ಕೊಡಿ ಎಂದು ಮಗಳು ಹಠ ಹಿಡಿದಳು. ಟೆಂಟ್‌ನ ಬಳಿ ಜೊತೆಗಿರು, ಆದರೆ ಸೀಟಿ ದೊಡ್ಡವರಿಗೆ ಮಾತ್ರ ಎಂದೆವು. ಮಕ್ಕಳ ಮೇಲೆ ಮಕ್ಕಳ ಹೊಣೆ ಹೊರಿಸಬಾರದು.

ಮೊದಲ ಸರದಿ ಇವರದು. ಅರ್ಧ ಗಂಟೆ. ಮೋನು ಕಲ್ಲು ಬಾಯಿಗೆ ಹಾಕಿದ, ಟೆಂಟ್‌ನ ಹಗ್ಗ ಎಳೆದ, ಇರುವೆಗಳ ಸಾಲಿನ ಮೇಲೆ ಕುಳಿತ, ಒಲೆಯ ಕಡೆ ಎರಡು ಸಲ ಓಡಿದ. ಇವರು ಬೆವರೊರೆಸುತ್ತಾ ಬಂದು, "ಇವನು ಒಂದು ನಿಮಿಷವೂ ಸುಮ್ಮನೆ ಕೂರುವುದಿಲ್ಲವೇ?" ಎಂದರು.

"ಇಲ್ಲ" ಎಂದೆ ನಾನು.

ಆ ಅರ್ಧ ಗಂಟೆ ನಾನು ಚಹಾದ ಲೋಟ ಹಿಡಿದು ಬಂಡೆಯ ಮೇಲೆ ಕುಳಿತು ನದಿಯನ್ನು ನೋಡಿದೆ. ಆಚೆ ದಡದ ಮರದಲ್ಲಿ ಮಂಗಟ್ಟೆಯೊಂದು ಕುಳಿತಿತ್ತು. ಚಹಾ ಬಿಸಿಯಿರುವಾಗಲೇ ಮುಗಿಯಿತು. ಒಂದೂವರೆ ವರ್ಷದಲ್ಲಿ ಅದು ಮೊದಲ ಸಲ. ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀವೂ ಇಂಥ ಪ್ರವಾಸಕ್ಕೆ ಹೊರಡುವುದಾದರೆ ಇನ್ನೂ ಕೆಲವು ಮಾತುಗಳು ನೆನಪಿನಲ್ಲಿರಲಿ. ಮಲೆನಾಡಿನ ಕಾಡುಗಳ ಕಡೆ ಹೋಗುವ ಮೊದಲು ಆ ಭಾಗದಲ್ಲಿ ಮಂಗನ ಕಾಯಿಲೆ ಇದೆಯೇ ಎಂದು ವಿಚಾರಿಸಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಉಣ್ಣೆ ಹುಳಗಳ ಕಡಿತದಿಂದ ಹರಡುತ್ತದೆ. ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ, ಅಂದರೆ ನಾವು ಪ್ರವಾಸ ಹೊರಡುವ ಕಾಲದಲ್ಲೇ ಇದು ಹೆಚ್ಚು. ಮಂಗಗಳು ಸತ್ತ ಸುದ್ದಿ ಬಂದಿದ್ದರೆ ಆ ಕಡೆ ಹೋಗಲೇಬೇಡಿ. ಮಗುವನ್ನು ತರಗೆಲೆಗಳ ಮೇಲೆ ಕೂರಿಸಬೇಡಿ. ತುಂಬುತೋಳಿನ ಅಂಗಿ, ಉದ್ದದ ಪ್ಯಾಂಟ್, ಕಾಲುಚೀಲ ಹಾಕಿಸಿ. ಸಂಜೆ ಬಿಸಿನೀರಿನಲ್ಲಿ ಮೀಯಿಸಿ ಕಿವಿಯ ಹಿಂದೆ, ಕಂಕುಳು, ತೊಡೆಯ ಸಂದುಗಳನ್ನು ನೋಡಿ. ಹಿಂತಿರುಗಿದ ಮೇಲೆ ಯಾರಿಗಾದರೂ ಜ್ವರ ಬಂದರೆ, ಕಾಡಿಗೆ ಹೋಗಿದ್ದೆವು ಎಂಬುದನ್ನು ವೈದ್ಯರಿಗೆ ಮರೆಯದೆ ತಿಳಿಸಿ.

ಚಳಿ ಎಂದು ಕೆಂಡದ ಒಲೆಯನ್ನು ಟೆಂಟ್‌ನ ಒಳಗೆ ಇಡಲೇಬೇಡಿ. ಅದರಿಂದ ಬರುವ ವಿಷಾನಿಲಕ್ಕೆ ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ರಾತ್ರಿ ಟಾರ್ಚ್ ಇಲ್ಲದೆ ಹೆಜ್ಜೆ ಇಡಬೇಡಿ, ಚಪ್ಪಲಿಯನ್ನು ಕೊಡವಿಯೇ ಹಾಕಿಕೊಳ್ಳಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಕಚ್ಚಿದ ಭಾಗ ಅಲುಗಾಡದಂತೆ ನೋಡಿಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ. ಅದಕ್ಕಾಗಿ ಹತ್ತಿರದ ಆಸ್ಪತ್ರೆ ಎಲ್ಲಿದೆ ಎಂದು ಹೋದ ಕೂಡಲೇ ಕೇಳಿಟ್ಟುಕೊಳ್ಳಿ. ಕುಡಿಯುವ ನೀರು ಕುದಿಸಿದ್ದೇ ಆಗಿರಲಿ. ಮಗುವಿಗೆ ಭೇದಿಯಾದರೆ ಕೊಡಲು ಎರಡು ಪೊಟ್ಟಣ ಓಆರ್‌ಎಸ್ ಚೀಲದಲ್ಲಿರಲಿ. ಮಗುವಿನ ಹಳೆಯ ಹೊದಿಕೆಯನ್ನು ಒಗೆಯದೆ ಹಾಗೆಯೇ ಒಯ್ಯಿರಿ. ಹೊಸ ಜಾಗದಲ್ಲಿ ನಿದ್ದೆ ತರಿಸುವುದು ಆ ಮನೆಯ ವಾಸನೆಯೇ.

ನಾವು ಮನೆಗೆ ಮರಳಿ ವಾರಗಳಾದವು. ಆ ಸೀಟಿ ಈಗ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದೆ. ಮೊನ್ನೆ ನಾದಿನಿಯ ನಿಶ್ಚಿತಾರ್ಥಕ್ಕೆ ಮನೆ ತುಂಬಾ ನೆಂಟರು. ಅಂಗಳದ ಬಾವಿಕಟ್ಟೆ ತಗ್ಗು. ನಾನು ತುಪ್ಪದನ್ನದ ಪಾತ್ರೆಯ ಮುಂದೆ ನಿಂತಿದ್ದೆ. ಇವರು ತಾವಾಗಿಯೇ ಬಂದು ಸೀಟಿಯನ್ನು ಕೊರಳಿಗೆ ಹಾಕಿಕೊಂಡು, "ಮೋನು ಈಗ ನನ್ನ ಹತ್ತಿರ" ಎಂದರು. ನೆಂಟರಲ್ಲಿ ಕೆಲವರು ನಕ್ಕರು. ನಗಲಿ ಬಿಡಿ.

ನಿಮ್ಮ ಮನೆಯಲ್ಲೂ ಮದುವೆ, ಹಬ್ಬ, ಪ್ರವಾಸ ಬರುತ್ತದೆ. ಮನೆ ತುಂಬಾ ಜನ ಸೇರುತ್ತಾರೆ. ಆಗ ಒಮ್ಮೆ ನಿಂತು ಗಟ್ಟಿಯಾಗಿ ಕೇಳಿ, "ಮಗು ಈಗ ಯಾರ ಹತ್ತಿರ ಇದೆ?" ಉತ್ತರವಾಗಿ ಒಬ್ಬರ ಹೆಸರು ಬರಬೇಕು. "ಇಲ್ಲೇ ಎಲ್ಲೋ ಇದೆ" ಎಂಬ ಉತ್ತರ ಬಂದರೆ, ಕೈಯಲ್ಲಿರುವ ಕೆಲಸ ಬಿಟ್ಟು ಎದ್ದು ಹೋಗಿ ನೋಡಿ.